ಮನೆಯ ನೆಟ್‌ವರ್ಕಿಂಗ್ ಲ್ಯಾಬ್‌ಗೆ ಎಂಥ ರ‍್ಯಾಕ್ ಕೊಳ್ಳಬೇಕು?

ನೀವು ಸಿಸಿಎನ್‌ಎ, ಎಂದರೆ ಸಿಸ್ಕೊ ಕಂಪನಿಯ ನೆಟ್‌ವರ್ಕಿಂಗ್ ಪ್ರಮಾಣಪತ್ರದ ಪರೀಕ್ಷೆಗೆ ಓದುತ್ತಿದ್ದೀರಿ. ಎರಡು ಹಳೆಯ ಸಿಸ್ಕೊ 2960 ಸ್ವಿಚ್, ಪಿಒಇ (ನೆಟ್‌ವರ್ಕ್ ಕೇಬಲ್ ಮೂಲಕವೇ ವಿದ್ಯುತ್ ಕೊಡುವ ಸೌಲಭ್ಯ) ಇರುವ ಒಂದು 3560 ಸ್ವಿಚ್, ಎರಡು 1841 ರೌಟರ್ ಈಗಾಗಲೇ ಕೈಸೇರಿವೆ. ವಾಸ ಬೆಂಗಳೂರಿನ ವಿಜಯನಗರದ ಬಾಡಿಗೆ ಮನೆಯಲ್ಲಿ. ಗೋಡೆಗೆ ಕೂರಿಸುವ, ಗಾಜಿನ ಬಾಗಿಲಿರುವ 9ಯು (ಯು ಎಂದರೆ ರ‍್ಯಾಕಿನ ಎತ್ತರದ ಅಳತೆ) ಕ್ಯಾಬಿನೆಟ್ ಕೊಳ್ಳಲೇ, ಇಲ್ಲವೇ ಮುಂದೆ ಸರ್ವರ್ ಬರಬಹುದೆಂದು ಈಗಲೇ 42ಯು ತಂದುಬಿಡಲೇ ಎಂದು ಕೇಳಿದ್ದೀರಿ. ನನ್ನ ಉತ್ತರ: ಎರಡೂ ಬೇಡ. ನೆಲದ ಮೇಲೆ ನಿಲ್ಲುವ, ಬಾಗಿಲಾಗಲಿ ಪಕ್ಕದ ತಗಡಾಗಲಿ ಇಲ್ಲದ, ನಾಲ್ಕು ಕಂಬಗಳ, ಕೆಳಗೆ ಗಾಲಿಗಳಿರುವ 12ಯು ಓಪನ್ ರ‍್ಯಾಕ್ ಕೊಳ್ಳಿ. ಅಂಗಡಿಯಲ್ಲಿ ಮೊದಲು ಕೇಳಬೇಕಾದದ್ದು ಎಷ್ಟು ಯು ಎಂದಲ್ಲ, ಆಳ ಎಷ್ಟು ಎಂದು.

ತೆರೆದ ರ‍್ಯಾಕನ್ನೇ ಏಕೆ ಹೇಳುತ್ತೇನೆಂದರೆ, ಕಚೇರಿಗಳಲ್ಲಿ ಒಮ್ಮೆ ಕೇಬಲ್ ಹಾಕಿ ಬಾಗಿಲಿಗೆ ಬೀಗ ಜಡಿದರೆ ತಿಂಗಳುಗಟ್ಟಲೆ ಯಾರೂ ಅದನ್ನು ಮುಟ್ಟುವುದಿಲ್ಲ. ಓದುವವರು ಹಾಗಲ್ಲ, ಇವತ್ತು ಎಸ್‌ಟಿಪಿ, ನಾಳೆ ಈಥರ್‌ಚಾನಲ್, ನಾಡಿದ್ದು ಒಎಸ್‌ಪಿಎಫ್ ಎಂದು ಪಾಠ ಬದಲಾದಂತೆ ದಿನವೂ ಕೇಬಲ್ ಕಿತ್ತು ಬೇರೆಡೆ ಹಾಕುತ್ತಾರೆ. ಆದ್ದರಿಂದ ಮುಂದೆಯೂ ಹಿಂದೆಯೂ ಕೈ ಹೋಗುವಂತಿರಬೇಕು. ನಿಮ್ಮ 2960ರಲ್ಲಿ ನೆಟ್‌ವರ್ಕ್ ಪೋರ್ಟ್‌ಗಳು ಮುಂದಿವೆ, ಕನ್ಸೋಲ್ ಪೋರ್ಟ್ (ಲ್ಯಾಪ್‌ಟಾಪ್ ಜೋಡಿಸಿ ಸ್ವಿಚ್ಚಿಗೆ ಆದೇಶ ಕೊಡುವ ಕಿಂಡಿ) ಮತ್ತು ಪವರ್ ಕಾರ್ಡ್ ಹಿಂದಿವೆ. ಸೆಕೆಂಡ್ ಹ್ಯಾಂಡ್ ಸ್ವಿಚ್ ಎಂದಮೇಲೆ ಹಳೆಯ ಮಾಲೀಕರ ಪಾಸ್‌ವರ್ಡ್ ಅದರಲ್ಲಿ ಉಳಿದಿರುವುದು ಸಾಮಾನ್ಯ, ಮತ್ತು ಈ ಸ್ವಿಚ್‌ಗೆ ಪವರ್ ಬಟನ್ ಇಲ್ಲ. ಪಾಸ್‌ವರ್ಡ್ ರಿಕವರಿ ಮಾಡಬೇಕಾದರೆ ಹಿಂದಿನ ಪವರ್ ಕಾರ್ಡನ್ನು ಕಿತ್ತು ಮತ್ತೆ ಚುಚ್ಚಬೇಕು, ಆಗಲೇ ಮುಂದಿನ ಮೋಡ್ ಬಟನ್ನನ್ನು ಒತ್ತಿ ಹಿಡಿಯಬೇಕು. ಗೋಡೆಗೆ ಅಂಟಿಕೊಂಡ ಕ್ಯಾಬಿನೆಟ್ಟಿನೊಳಗೆ ಈ ಕೆಲಸಕ್ಕೆ ಇನ್ನೊಬ್ಬರನ್ನು ಕರೆಯಬೇಕಾಗುತ್ತದೆ. ತೆರೆದ ರ‍್ಯಾಕಿನಲ್ಲಿ ಒಂದು ಕೈ ಮುಂದೆ, ಒಂದು ಕೈ ಹಿಂದೆ ಇಟ್ಟರೆ ಮುಗಿಯಿತು.

1841ರ ವಿಷಯ ಇನ್ನೂ ವಿಚಿತ್ರ. ಅದರ ಮುಂಭಾಗದಲ್ಲಿ ಮಿನುಗುವ ದೀಪಗಳ ಹೊರತು ಏನೂ ಇಲ್ಲ. ಕನ್ಸೋಲ್, ಫಾಸ್ಟ್ ಈಥರ್ನೆಟ್, ಕಾರ್ಡುಗಳ ಸ್ಲಾಟ್, ಪವರ್ ಸ್ವಿಚ್ ಎಲ್ಲವೂ ಹಿಂದಿವೆ. ಹಾಗಾಗಿ ಅದನ್ನು ಶೆಲ್ಫಿನ ಮೇಲೆ ಹಿಂದುಮುಂದಾಗಿ ಇಡಿ, ಅಂದರೆ ಬೆನ್ನು ನಿಮ್ಮ ಕಡೆಗಿರಲಿ. ನೋಡಲು ಚೆಂದವಿರುವುದಿಲ್ಲ, ಆದರೆ ಪ್ರತಿದಿನ ರ‍್ಯಾಕಿನ ಹಿಂದೆ ನುಸುಳುವುದು ತಪ್ಪುತ್ತದೆ. ಸ್ವಿಚ್‌ಗಳ ಕನ್ಸೋಲ್‌ಗೆ ಒಂದೊಂದು ರೋಲ್‌ಓವರ್ (ಕನ್ಸೋಲ್‌ಗೆಂದೇ ಇರುವ) ಕೇಬಲ್ ಖಾಯಂ ಆಗಿ ಸಿಕ್ಕಿಸಿ, ಅವುಗಳ ಇನ್ನೊಂದು ತುದಿಯನ್ನು ಮುಂದಕ್ಕೆ ಎಳೆದು ಹೆಸರು ಬರೆದ ಟೇಪ್ ಅಂಟಿಸಿಟ್ಟುಕೊಂಡರೆ ಇನ್ನೂ ಅನುಕೂಲ.

ಇನ್ನು ಆಳ. ರ‍್ಯಾಕಿನ ಅಗಲವೂ ಯು ಎಂಬ ಅಳತೆಯೂ ಎಲ್ಲೆಡೆ ಒಂದೇ: ಮುಂಫಲಕದ ಅಗಲ 19 ಇಂಚು, ಎಂದರೆ 482.6 ಮಿ.ಮೀ.; ಒಂದು ಯು ಎಂದರೆ 44.45 ಮಿ.ಮೀ. ಎತ್ತರ. ಆಳಕ್ಕೆ ಮಾತ್ರ ಅಂಥ ಒಂದೇ ಅಳತೆ ಇಲ್ಲ, ಕೊಳ್ಳುವವರು ಎಡವುವುದು ಇಲ್ಲಿಯೇ. 24 ಪೋರ್ಟಿನ 2960ರ ಆಳ ಸುಮಾರು 24 ಸೆಂ.ಮೀ., 3560ರದು 30 ಸೆಂ.ಮೀ., 1841ರದು 27 ಸೆಂ.ಮೀ. ಇವುಗಳ ಹಿಂದೆ ಪವರ್ ಕಾರ್ಡಿನ ತಲೆ ಮತ್ತು ಕೇಬಲ್ ಬಾಗುವ ಜಾಗಕ್ಕೆ ಇನ್ನೊಂದು 10ರಿಂದ 15 ಸೆಂ.ಮೀ. ಸೇರಿಸಿಕೊಳ್ಳಬೇಕು. ಅಲ್ಲಿಗೆ 45 ಸೆಂ.ಮೀ. ಸಾಕು ಎಂದಾಯಿತು. ಆದರೆ ನಾಳೆ ನಿಮಗೆ ಅಗ್ಗದ 2811 ರೌಟರ್ ಸಿಕ್ಕರೆ ಅದರದೇ ಆಳ ಸುಮಾರು 42 ಸೆಂ.ಮೀ., 2901 ಆದರೆ ಸುಮಾರು 44 ಸೆಂ.ಮೀ. ಗೋಡೆ ಕ್ಯಾಬಿನೆಟ್ಟಿನ ಮೇಲೆ ಬರೆದಿರುವ 450 ಮಿ.ಮೀ. ಹೊರಗಿನ ಅಳತೆ, ಬಾಗಿಲಿಗೂ ಮುಂದಿನ ಕಂಬಿಗೂ ನಡುವೆ ಬಿಟ್ಟ ಜಾಗವನ್ನು ಕಳೆದರೆ ಒಳಗೆ ಉಳಿಯುವುದು ಅದಕ್ಕಿಂತ ಕಡಿಮೆ. ಆದ್ದರಿಂದ ಆಳವನ್ನು ಹಿಂದುಮುಂದು ಸರಿಸಿಕೊಳ್ಳಬಹುದಾದ ನಾಲ್ಕು ಕಂಬಗಳ ರ‍್ಯಾಕ್ ಸಿಕ್ಕರೆ ಬಿಡಬೇಡಿ. ಸಿಗದಿದ್ದರೆ 600 ಮಿ.ಮೀ. ಆಳದ್ದನ್ನು ಆರಿಸಿ. ಎರಡೇ ಕಂಬಗಳ ರ‍್ಯಾಕ್ ಅಗ್ಗವಾದರೂ ಅದರಲ್ಲಿ ಉಪಕರಣದ ಪೂರ್ತಿ ಭಾರ ಮುಂದಿನ ಸ್ಕ್ರೂಗಳ ಮೇಲೆ ಬೀಳುತ್ತದೆ. ಮೂರೂವರೆ ಕಿಲೊ ತೂಗುವ 2960ಕ್ಕೆ ಅದು ಸರಿ, ಆಳವಾದ ರೌಟರ್ ಕೂರಿಸಿದರೆ ಹಿಂಭಾಗ ಜೋಲುತ್ತದೆ.

ಯು ಲೆಕ್ಕಕ್ಕೆ ಬಂದರೆ, ನಿಮ್ಮ ಮೂರು ಸ್ವಿಚ್‌ಗಳಿಗೆ ಮೂರು ಯು. 1841 ಮೂಲತಃ ಮೇಜಿನ ಮೇಲಿಡುವ ರೌಟರ್. ಅಗಲ 34 ಸೆಂ.ಮೀ. ಇರುವುದರಿಂದ ಒಂದೇ ಶೆಲ್ಫಿನಲ್ಲಿ ಎರಡನ್ನು ಅಕ್ಕಪಕ್ಕ ಇಡಲು ಆಗುವುದಿಲ್ಲ. ರಬ್ಬರ್ ಕಾಲುಗಳೊಂದಿಗೆ ಅದರ ಎತ್ತರ 4.75 ಸೆಂ.ಮೀ., ಎಂದರೆ ಒಂದು ಯುಗಿಂತ ಕೂದಲೆಳೆಯಷ್ಟು ಹೆಚ್ಚು. ಒಂದರ ಮೇಲೊಂದು ಇಟ್ಟರೆ ಶೆಲ್ಫ್ ಸೇರಿ ಮೂರು ಯು ಬೇಕು. ಒಂದು ಪಿಡಿಯು (ಹಲವು ಸಾಕೆಟ್‌ಗಳ ಪವರ್ ಪಟ್ಟಿ), ಒಂದು ಕೇಬಲ್ ಮ್ಯಾನೇಜರ್ ಸೇರಿಸಿದರೆ ಎಂಟು ಯು ತುಂಬಿಹೋಯಿತು. 9ಯು ಕೊಂಡರೆ ಗಾಳಿಯಾಡಲು ಒಂದೇ ಯು ಉಳಿಯುತ್ತದೆ, ಮತ್ತು ಲ್ಯಾಬ್ ಕಟ್ಟುವವರು ಮತ್ತೊಂದು ಸ್ವಿಚ್ ತರದೇ ಇರುವುದಿಲ್ಲ. 12ಯು ಎಂದರೆ ಸ್ಲಾಟುಗಳ ಎತ್ತರ 53 ಸೆಂ.ಮೀ. ಮಾತ್ರ, ಗಾಲಿ, ತಳ, ಚೌಕಟ್ಟು ಎಲ್ಲ ಸೇರಿದರೂ ಓದುವ ಮೇಜಿನ ಎತ್ತರದೊಳಗೆ ನಿಲ್ಲುತ್ತದೆ. ಮೇಲೆ ಹಲಗೆ ಹಾಕಿ ಲ್ಯಾಪ್‌ಟಾಪ್ ಇಟ್ಟುಕೊಳ್ಳಬಹುದು.

ಜೋಡಿಸುವಾಗ ಒಂದು ಸೂಕ್ಷ್ಮವನ್ನು ಗಮನಿಸಿ. ಕಂಬದ ಚೌಕ ತೂತುಗಳು ಸಮ ಅಂತರದಲ್ಲಿಲ್ಲ. ಪ್ರತಿ ಯುಗೆ ಮೂರು ತೂತು. ಅವುಗಳ ನಡುವೆ ಸುಮಾರು 15.9 ಮಿ.ಮೀ., ಆದರೆ ಒಂದು ಯುನ ಕೊನೆಯ ತೂತಿಗೂ ಮುಂದಿನ ಯುನ ಮೊದಲ ತೂತಿಗೂ ನಡುವೆ 12.7 ಮಿ.ಮೀ. ಮಾತ್ರ. ಎಲ್ಲಿ ಎರಡು ತೂತುಗಳು ಹತ್ತಿರ ಬಂದಿವೆಯೋ ಅವುಗಳ ನಟ್ಟನಡುವೆ ಯುನ ಗಡಿ ಹಾದುಹೋಗುತ್ತದೆ. ಇದನ್ನು ಗುರುತಿಸದೆ ಮೊದಲ ಸ್ವಿಚ್ಚನ್ನು ಒಂದು ತೂತು ಮೇಲೆ ಹಾಕಿದರೆ ಅದರ ಮೇಲಿನ ಪ್ರತಿಯೊಂದೂ ಕೂರಲು ಹಟ ಮಾಡುತ್ತದೆ. ಮುಂದಿನ ಎರಡೂ ಕಂಬಗಳ ಮೇಲೆ ಗಡಿಗಳನ್ನು ಮಾರ್ಕರಿನಿಂದ ಗೀಟು ಹಾಕಿ, ಕೆಳಗಿನಿಂದ ಸಂಖ್ಯೆ ಬರೆದುಕೊಂಡು ಆಮೇಲೆ ಕೇಜ್ ನಟ್ (ಚೌಕ ತೂತಿನಲ್ಲಿ ಕೂತು ಸ್ಕ್ರೂ ಹಿಡಿಯುವ ನಟ್) ಹಾಕಿ. ಕೇಜ್ ನಟ್ಟಿನ ಒಂದು ರೆಕ್ಕೆಯನ್ನು ಒಳಗಿನಿಂದ ತೂತಿನ ಅಂಚಿಗೆ ಸಿಕ್ಕಿಸಿ, ಇನ್ನೊಂದನ್ನು ಚಪ್ಪಟೆ ಸ್ಕ್ರೂಡ್ರೈವರಿನಿಂದ ಒತ್ತಿ ಎಳೆದುಕೊಳ್ಳಬೇಕು. ಹೆಬ್ಬೆರಳಿನಿಂದ ಒತ್ತಿದರೆ ಉಗುರಿನ ಬುಡ ಕಿತ್ತುಬರುತ್ತದೆ. ಇಲ್ಲಿ ಸಿಗುವ ರ‍್ಯಾಕುಗಳಿಗೆ ಸಾಮಾನ್ಯವಾಗಿ ಎಂ6 ಸ್ಕ್ರೂ ಬಳಕೆಯಲ್ಲಿದೆ. ಆದರೆ ಸ್ವಿಚ್ಚಿನ ಪಕ್ಕಕ್ಕೆ ಬ್ರಾಕೆಟ್ ಬಿಗಿಯುವ ಸಣ್ಣ ಸ್ಕ್ರೂಗಳೇ ಬೇರೆ, ಅವನ್ನು ಬ್ರಾಕೆಟ್ಟಿನ ಜೊತೆಗೇ ಕೇಳಿ ಪಡೆಯಿರಿ. ಹಳೆಯ ಮಾಲಿನೊಂದಿಗೆ ಇವೆರಡೂ ಬರುವುದು ಅಪರೂಪ.

ಗೋಡೆ ಕ್ಯಾಬಿನೆಟ್ ಬೇಡ ಎನ್ನಲು ಬಾಡಿಗೆ ಮನೆಯೂ ಒಂದು ಕಾರಣ. ಗೋಡೆಗೆ ಮೊಳೆ ಹೊಡೆದರೇ ಮುಖ ಗಂಟಿಕ್ಕುವ ಮಾಲೀಕರು ಆಂಕರ್ ಬೋಲ್ಟಿಗೆ ಡ್ರಿಲ್ ಹಿಡಿಯಲು ಬಿಡುವುದು ಕಷ್ಟ, ಬಿಟ್ಟರೂ ಅಡ್ವಾನ್ಸ್ ಹಿಂದಿರುಗಿಸುವಾಗ ಆ ತೂತುಗಳು ನೆನಪಾಗುತ್ತವೆ. ಅದಲ್ಲದೆ ಒಳಗೋಡೆಗಳು ಹಲವು ಮನೆಗಳಲ್ಲಿ ನಾಲ್ಕಿಂಚಿನ ಟೊಳ್ಳು ಬ್ಲಾಕಿನವು. ನಿಮ್ಮ ಉಪಕರಣಗಳ ಒಟ್ಟು ತೂಕ 20 ಕಿಲೊ ದಾಟುವುದಿಲ್ಲವಾದರೂ ಕ್ಯಾಬಿನೆಟ್ಟಿನ ಸ್ವಂತ ಭಾರ ಅದಕ್ಕೆ ಸೇರುತ್ತದೆ, ಮೇಲಾಗಿ ನೀವು ದಿನವೂ ಕೇಬಲ್ ಎಳೆಯುತ್ತಿರುತ್ತೀರಿ.

ವಿದ್ಯುತ್ತಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಿಮ್ಮ 3560ರಿಂದ ಐಪಿ ಫೋನುಗಳಿಗೆ ಪಿಒಇ ಕೊಡದಿದ್ದರೆ ಐದೂ ಉಪಕರಣಗಳು ಸೇರಿ 300 ವ್ಯಾಟ್ ಮೀರುವುದಿಲ್ಲ. 230 ವೋಲ್ಟಿನಲ್ಲಿ 6 ಆಂಪಿಯರಿನ ಸಾಕೆಟ್ 1380 ವ್ಯಾಟಿನವರೆಗೆ ತಾಳುತ್ತದೆ, ಹಾಗಾಗಿ ಗೀಸರಿನ ಪಾಯಿಂಟ್ ಹುಡುಕಬೇಕಿಲ್ಲ. ಹೆಚ್ಚು ಮುಖ್ಯವಾದದ್ದು ಅರ್ಥಿಂಗ್. ಹಳೆಯ ಮನೆಗಳಲ್ಲಿ ಸಾಕೆಟ್ಟಿನ ಮೂರನೆಯ ತೂತು ಇದ್ದರೂ ಅದರ ಹಿಂದೆ ತಂತಿ ಇಲ್ಲದಿರುವುದುಂಟು. ಆಗ ರ‍್ಯಾಕಿನ ಕಂಬ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. ಉಪಕರಣ ಕೂರಿಸುವ ಮೊದಲೇ ಎಲೆಕ್ಟ್ರಿಷಿಯನ್ ಕರೆಸಿ ಪರೀಕ್ಷಿಸಿ, ಚೌಕಟ್ಟಿನಿಂದ ಹಸಿರು ತಂತಿಯೊಂದನ್ನು ಅರ್ಥಿಗೆ ಕೊಡಿಸಿ. ಯುಪಿಎಸ್ ಬೇಕೇಬೇಕೆಂದು ನಾನು ಹೇಳುವುದಿಲ್ಲ. ಬೆಸ್ಕಾಂನವರು ಕರೆಂಟ್ ತೆಗೆದಾಗ ಸೇವ್ ಮಾಡದ ಕಾನ್ಫಿಗರೇಷನ್ ಹೋಗುತ್ತದೆ, ನಿಜ. ಆದರೆ ಅದನ್ನು ಸೇವ್ ಮಾಡುವ ರೈಟ್ ಮೆಮೊರಿ ಆದೇಶ ಹೊಡೆಯುವ ಅಭ್ಯಾಸವನ್ನು ಕರೆಂಟ್ ಹೋಗುವುದಕ್ಕಿಂತ ಚೆನ್ನಾಗಿ ಯಾರೂ ಕಲಿಸಲಾರರು.

ತೆರೆದ ರ‍್ಯಾಕಿಗೆ ಧೂಳು ಬರುತ್ತದೆ ಎಂಬ ಆಕ್ಷೇಪ ಸರಿಯಾದದ್ದೇ, ರಸ್ತೆ ಬದಿಯ ಮನೆಯಾದರೆ ಇನ್ನೂ ಹೆಚ್ಚು. ಬಳಸದಾಗ ಹತ್ತಿಯ ಬಟ್ಟೆ ಹೊದಿಸಿ. ಆನ್ ಇರುವಾಗ ಮಾತ್ರ ಹೊದಿಸಬೇಡಿ, ಏಕೆಂದರೆ ಈ ಸ್ವಿಚ್‌ಗಳಲ್ಲಿ ಪಕ್ಕದಿಂದಲೂ ಗಾಳಿಯ ಓಡಾಟವಿದೆ. ರೌಟರಿನ ಖಾಲಿ ಸ್ಲಾಟ್‌ಗಳಿಗೆ ಮುಚ್ಚಳ ಹಾಕಿಡಿ, ಇಲ್ಲವಾದರೆ ಹಲ್ಲಿಯೋ ಜಿರಳೆಯೋ ಬೆಚ್ಚಗಿನ ಜಾಗವೆಂದು ಒಳಗೆ ಸೇರಿಕೊಳ್ಳುತ್ತದೆ. ಸಜ್ಜೆಯ ಮೇಲೆ ಇಡುವ ಯೋಚನೆ ಬೇಡ, ಅಲ್ಲಿ ಕೋಣೆಯ ಬಿಸಿಯೆಲ್ಲ ಸೇರುತ್ತದೆ. ಫ್ಯಾನುಗಳ ಸದ್ದು ರಾತ್ರಿ ನಿದ್ದೆ ಕೆಡಿಸುವಷ್ಟಿರುವುದರಿಂದ ಮಲಗುವ ಕೋಣೆಯೂ ಬೇಡ. ಹಾಲಿನ ಮೂಲೆಯೇ ಸರಿ, ಗಾಲಿಗಳಿರುವುದರಿಂದ ನೆಂಟರು ಬಂದಾಗ ಪಕ್ಕಕ್ಕೆ ತಳ್ಳಬಹುದು.

42ಯು ವಿಷಯ ಚಿಕ್ಕದು. ಅದು ಎರಡು ಮೀಟರಿನಷ್ಟು ಎತ್ತರವಿರುತ್ತದೆ, ಬಾಡಿಗೆ ಮನೆಗಳ ಮೆಟ್ಟಿಲಿನ ತಿರುವಿನಲ್ಲಿ ಮೇಲೇರುವುದು ಕಷ್ಟ, ಮನೆ ಬದಲಿಸುವಾಗ ಮತ್ತೆ ಅದೇ ಪಾಡು. ಸರ್ವರಿಗಾಗಿ ಎನ್ನುವಿರಾದರೆ, ಹಳೆಯ ರ‍್ಯಾಕ್ ಸರ್ವರುಗಳ ಆಳ ಸಾಮಾನ್ಯವಾಗಿ 70 ಸೆಂ.ಮೀ. ಆಸುಪಾಸಿನದು, ಅದೊಂದಕ್ಕಾಗಿ ಇಡೀ ರ‍್ಯಾಕಿನ ಆಯ್ಕೆಯನ್ನು ಬದಲಿಸುವ ಬದಲು ಸಾಕಷ್ಟು ರ‍್ಯಾಮ್ ಇರುವ ಸಾಧಾರಣ ಡೆಸ್ಕ್‌ಟಾಪ್‌ನಲ್ಲಿ ನೆಟ್‌ವರ್ಕ್ ಉಪಕರಣಗಳನ್ನು ಕಂಪ್ಯೂಟರಿನೊಳಗೇ ನಡೆಸುವ ಈವ್-ಎನ್‌ಜಿ ಅಥವಾ ಜಿಎನ್‌ಎಸ್3 ತಂತ್ರಾಂಶ ಹಾಕಿಕೊಳ್ಳಿ. ನಿಜ ಹೇಳಬೇಕೆಂದರೆ, 2020ರ ಫೆಬ್ರವರಿಯಿಂದ ನಡೆಯುತ್ತಿರುವ 200-301 ಸಂಖ್ಯೆಯ ಸಿಸಿಎನ್‌ಎ ಪರೀಕ್ಷೆಗೆ ಬೇಕಾದ ಹೆಚ್ಚಿನ ಅಭ್ಯಾಸ ಸಿಸ್ಕೊದ ಉಚಿತ ಸಿಮ್ಯುಲೇಟರ್ ಪ್ಯಾಕೆಟ್ ಟ್ರೇಸರಿನಲ್ಲೇ ಆಗುತ್ತದೆ. ಕಬ್ಬಿಣದ ಲ್ಯಾಬ್ ಕಲಿಸುವುದು ಕೇಬಲ್, ಕನ್ಸೋಲ್, ಪಾಸ್‌ವರ್ಡ್ ರಿಕವರಿ, ಐಒಎಸ್ (ಸಿಸ್ಕೊ ಉಪಕರಣಗಳ ಕಾರ್ಯಾಚರಣ ತಂತ್ರಾಂಶ) ಬದಲಾವಣೆಯಂಥ ಕೈಕೆಲಸವನ್ನು.

ಹಣ ತೀರಾ ಬಿಗಿಯಾಗಿದ್ದರೆ ಇನ್ನೊಂದು ದಾರಿ ಇದೆ. ನಾಗಸಂದ್ರದಲ್ಲಿ 2022ರಲ್ಲಿ ತೆರೆದ ಐಕಿಯಾದಲ್ಲಿ ಲ್ಯಾಕ್ ಎಂಬ 55 ಸೆಂ.ಮೀ. ಚೌಕದ ಪುಟ್ಟ ಮೇಜು ಸಿಗುತ್ತದೆ. ಅದರ ಕಾಲುಗಳ ನಡುವಿನ ಅಂತರ ಸುಮಾರು 45 ಸೆಂ.ಮೀ. ಇರುವುದರಿಂದ 19 ಇಂಚಿನ ಉಪಕರಣ ಅಲ್ಲಿ ಕೂರುತ್ತದೆ ಎಂಬುದನ್ನು ಜಗತ್ತಿನ ಎಷ್ಟೋ ಹವ್ಯಾಸಿಗಳು ಕಂಡುಕೊಂಡಿದ್ದಾರೆ. ಆದರೆ ಆ ಕಾಲುಗಳ ಒಳಭಾಗ ಬಹುಪಾಲು ಟೊಳ್ಳು, ತುದಿಗಳನ್ನು ಬಿಟ್ಟರೆ ಸ್ಕ್ರೂ ಹಿಡಿಯುವುದಿಲ್ಲ. ಒಂದೆರಡು ಹಗುರ ಸ್ವಿಚ್‌ಗೆ ಅಡ್ಡಿಯಿಲ್ಲ, ಪೂರ್ತಿ ಲ್ಯಾಬಿಗೆ ನಾನು ಒಪ್ಪುವುದಿಲ್ಲ.

ಕೊಳ್ಳಲು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಾದ ಎಸ್.ಪಿ. ರೋಡಿಗೇ ಹೋಗಿ, ಭಾನುವಾರ ಬೇಡ, ಅಂದು ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ. ಮುಂದಿರುವ ಅಂಗಡಿಗಳಲ್ಲಿ ಓಪನ್ ರ‍್ಯಾಕ್ ಕೇಳಿದರೆ ಇಲ್ಲವೆಂದು ಗಾಜಿನ ಬಾಗಿಲಿನದ್ದನ್ನೇ ತೋರಿಸುತ್ತಾರೆ. ಒಳಗಲ್ಲಿಗಳಲ್ಲಿ ಕೇಬಲ್ ಮತ್ತು ಪ್ಯಾಚ್ ಪ್ಯಾನೆಲ್ ಮಾರುವವರನ್ನು ವಿಚಾರಿಸಿ. ಅಳತೆ ಟೇಪ್ ಜೊತೆಗಿರಲಿ. ಮುಂದಿನ ಕಂಬದಿಂದ ಹಿಂದಿನ ಕಂಬಕ್ಕೆ ಎಷ್ಟು ಎಂದು ನೀವೇ ಅಳೆಯಿರಿ, ನಾಲ್ಕು ಗಾಲಿಗಳಲ್ಲಿ ಎರಡಕ್ಕಾದರೂ ಬ್ರೇಕ್ ಇದೆಯೇ ನೋಡಿ, ಮತ್ತು ಕೇಜ್ ನಟ್, ಸ್ಕ್ರೂ, ಒಂದು ಶೆಲ್ಫ್, ಒಂದು ಪಿಡಿಯು ಇವೆಲ್ಲ ಸೇರಿದ ಬೆಲೆಯನ್ನೇ ಕೇಳಿ, ಏಕೆಂದರೆ ಬಿಡಿಬಿಡಿಯಾಗಿ ಕೊಂಡರೆ ಚೌಕಾಸಿಯಲ್ಲಿ ಉಳಿಸಿದ್ದೆಲ್ಲ ಅಲ್ಲೇ ಕರಗುತ್ತದೆ. ಬಿಚ್ಚಿ ಕಟ್ಟಿಕೊಡುವ ರ‍್ಯಾಕಾದರೆ ವಿಜಯನಗರಕ್ಕೆ ಸಾಮಾನ್ಯ ಆಟೊದಲ್ಲೇ ಬರುತ್ತದೆ.