ಹೆಲ್ತ್‌ಕೇರ್ ಟೆಕ್ನಾಲಜಿಯೋ, ಲೀನಿಯರ್ ಸಿಸ್ಟಮ್ಸೋ? ಹಾಸನದ ಆಸ್ಪತ್ರೆಯಲ್ಲಿ ಯಂತ್ರ ನೋಡಿಕೊಳ್ಳುವವನ ಉತ್ತರ

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ: ಚಿಕ್ಕಮಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಮೂರನೇ ವರ್ಷ, ಮುಂದೆ ಆಸ್ಪತ್ರೆಯ ಉಪಕರಣಗಳ ಕಡೆ ಹೋಗುವ ಆಸೆ. ಐಚ್ಛಿಕ ವಿಷಯಗಳ ಪಟ್ಟಿಯಲ್ಲಿ ಹೆಲ್ತ್‌ಕೇರ್ ಟೆಕ್ನಾಲಜಿಯೂ ಇದೆ, ಲೀನಿಯರ್ ಸಿಸ್ಟಮ್ಸೂ ಇದೆ; ಒಂದನ್ನೇ ಆರಿಸಿಕೊಳ್ಳಬೇಕು. ಮೊದಲನೆಯದು ನಿಮ್ಮ ಆಸೆಗೆ ನೇರವಾಗಿ ಹೊಂದುತ್ತದೆ, ಅಂಕವೂ ಸುಲಭವಾಗಿ ಬರುತ್ತದಂತೆ. ಎರಡನೆಯದು, ಒಂದು ವ್ಯವಸ್ಥೆಗೆ ಏನು ಕೊಟ್ಟರೆ ಏನು ಹೊರಬರುತ್ತದೆ ಎಂದು ಲೆಕ್ಕ ಹಾಕುವ ವಿಷಯ, ಬರೀ ಗಣಿತ; ಗಣಿತದಲ್ಲಿ ನಿಮಗೆ ಈಗಾಗಲೇ ಒಂದು ಬ್ಯಾಕ್ ಇದೆ.

ಲೀನಿಯರ್ ಸಿಸ್ಟಮ್ಸ್ ತೆಗೆದುಕೊಳ್ಳಿ. ನಾನು ಆಗ ಮಾಡಿದ್ದು ಇದಕ್ಕೆ ತದ್ವಿರುದ್ಧ. ಹಾಸನದಲ್ಲೇ ಓದಿದವನು, ಹಾಸನದಲ್ಲೇ ಒಂದು ಆಸ್ಪತ್ರೆಯಲ್ಲಿ ಹನ್ನೆರಡು ವರ್ಷದಿಂದ ಬಯೋಮೆಡಿಕಲ್ ವಿಭಾಗದಲ್ಲಿ ಇದ್ದೇನೆ. ಕಾಲೇಜಿನಲ್ಲಿ ಆಸ್ಪತ್ರೆ ಉಪಕರಣಗಳ ಐಚ್ಛಿಕ ವಿಷಯವನ್ನೇ ಆರಿಸಿಕೊಂಡೆ, ಒಳ್ಳೆಯ ಅಂಕ ಬಂತು. ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್ ಕಡ್ಡಾಯ ಪೇಪರು. ಹಿಂದಿನ ಐದು ವರ್ಷದ ಪ್ರಶ್ನೆಪತ್ರಿಕೆ ಗಟ್ಟಿ ಮಾಡಿ ದಾಟಿಕೊಂಡೆ. ಕನ್ವಲ್ಯೂಷನ್ ಎಂದರೆ ಒಂದು ಚಿತ್ರವನ್ನು ತಿರುಗಿಸಿ ಇನ್ನೊಂದರ ಮೇಲೆ ಜಾರಿಸುವುದು ಎಂದಷ್ಟೇ ಗೊತ್ತಿತ್ತು. ಯಾಕೆ ಜಾರಿಸಬೇಕು ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಅದರ ದಂಡವನ್ನು ಕೆಲಸಕ್ಕೆ ಸೇರಿದ ಮೊದಲ ವರ್ಷವೇ ತೆತ್ತೆ.

ಒಂದು ರಾತ್ರಿ ಕರ್ತವ್ಯದಲ್ಲಿದ್ದ ಡಾಕ್ಟರು ಕರೆಸಿದರು. ಅವರ ಮೇಜಿನ ಮೇಲೆ ಎರಡು ಇಸಿಜಿ ಕಾಗದ. ರೋಗಿ ಒಬ್ಬರೇ, ಹತ್ತು ನಿಮಿಷದ ಅಂತರ. ಹಾಸಿಗೆಯ ಪಕ್ಕದ ಮಾನಿಟರ್ ಮುದ್ರಿಸಿದ ಪಟ್ಟಿಯಲ್ಲಿ ಎಸ್‌ಟಿ ಭಾಗ, ಅಂದರೆ ಪ್ರತಿ ಬಡಿತದ ಎತ್ತರದ ಮೊನೆಯ ನಂತರ ಬರುವ ಗೆರೆ, ಕೆಳಗೆ ಜಗ್ಗಿದೆ. ಹನ್ನೆರಡು ಲೀಡ್‌ನ, ಅಂದರೆ ಹೃದಯವನ್ನು ಹನ್ನೆರಡು ಕೋನಗಳಿಂದ ನೋಡುವ, ಇಸಿಜಿ ಯಂತ್ರದ ಕಾಗದದಲ್ಲಿ ಅದೇ ಲೀಡ್ ನೆಟ್ಟಗೆ ಇದೆ. ಎಸ್‌ಟಿ ಜಗ್ಗಿದರೆ ಹೃದಯದ ಸ್ನಾಯುವಿಗೆ ರಕ್ತ ಸಾಲುತ್ತಿಲ್ಲ ಎಂಬ ಅನುಮಾನ ಬರುತ್ತದೆ, ಚಿಕಿತ್ಸೆಯ ದಾರಿಯೇ ಬೇರೆಯಾಗುತ್ತದೆ. "ಇವೆರಡರಲ್ಲಿ ಸುಳ್ಳು ಹೇಳುತ್ತಿರುವುದು ಯಾವುದು, ಹೇಳಿಬಿಡಿ" ಎಂದರು.

ನಾನು ಕೇಬಲ್ ಬದಲಾಯಿಸಿದೆ, ಎಲೆಕ್ಟ್ರೋಡ್ ಬದಲಾಯಿಸಿದೆ. ಬೆಳಗಾಗುತ್ತಲೇ ಕಂಪನಿಯ ಸರ್ವಿಸ್‌ನವರಿಗೆ ಫೋನ್ ಮಾಡಿದೆ. ಏನೂ ಗಿಟ್ಟಲಿಲ್ಲ. ವಿಭಾಗದ ಹಿರಿಯರು ಹತ್ತು ಗಂಟೆಗೆ ಬಂದವರು ಕಪಾಟಿನಿಂದ ನಕಲಿ ಇಸಿಜಿ ಅಲೆ ಕೊಡುವ ಸಿಮ್ಯುಲೇಟರ್ ತೆಗೆದು, ಹೃದಯದ ಅಲೆಯನ್ನು ಬಿಟ್ಟು ಬರೀ ಒಂದು ಮಿಲಿವೋಲ್ಟಿನ ಚೌಕ ಅಲೆಯನ್ನು ಎರಡೂ ಯಂತ್ರಗಳಿಗೆ ಕೊಟ್ಟರು. ಇಸಿಜಿ ಕಾಗದದಲ್ಲಿ ಒಂದು ಮಿಲಿವೋಲ್ಟ್ ಎಂದರೆ 10 ಮಿಲಿಮೀಟರ್ ಎತ್ತರ. ಕಾಗದ ಓಡುವುದು ಸೆಕೆಂಡಿಗೆ 25 ಮಿಲಿಮೀಟರ್. ಎರಡೂ ಯಂತ್ರಗಳಲ್ಲಿ ಗೆರೆ 10 ಮಿಲಿಮೀಟರ್ ಜಿಗಿಯಿತು. ಆಮೇಲೆ ಇಸಿಜಿ ಯಂತ್ರದ ಗೆರೆ ಹೆಚ್ಚುಕಡಿಮೆ ಅಲ್ಲೇ ನಿಂತಿತು. ಮಾನಿಟರಿನದು ಮಾತ್ರ ಜಾರುಬಂಡೆಯ ಮೇಲೆ ಕೂತ ಹುಡುಗನ ಹಾಗೆ ಸರ್ರನೆ ಕೆಳಗಿಳಿಯಿತು. ಒಂದು ದೊಡ್ಡ ಮನೆ, ಅಂದರೆ 0.2 ಸೆಕೆಂಡ್ ದಾಟುವಷ್ಟರಲ್ಲಿ ಅರ್ಧಕ್ಕೆ ಬಂದಿತ್ತು. "ಎರಡೂ ಸರಿಯಾಗಿಯೇ ಇವೆ. ಈ ಗೆರೆ ಯಾಕೆ ಇಳಿಯಿತು ಹೇಳು" ಎಂದರು. ನನಗೆ ಹೇಳಲು ಬರಲಿಲ್ಲ.

ನೀವು ಹೇಳಬಲ್ಲಿರಿ, ಲೆಕ್ಕ ಒಂದೇ ಸಾಲಿನದು. ರೋಗಿ ಉಸಿರಾಡಿದಾಗ, ಮಗ್ಗುಲಾದಾಗ ಗೆರೆ ಮೇಲೆ ಕೆಳಗೆ ಅಲೆದಾಡಬಾರದೆಂದು ಮಾನಿಟರಿನಲ್ಲಿ 0.5 ಹರ್ಟ್ಜ್‌ಗಿಂತ ನಿಧಾನವಾದದ್ದನ್ನು ತಡೆಯುವ ಫಿಲ್ಟರ್ ಹಾಕಿರುತ್ತಾರೆ. ರೋಗ ಪತ್ತೆಗೆಂದೇ ಇರುವ ಇಸಿಜಿ ಯಂತ್ರದಲ್ಲಿ ಆ ಮಿತಿ 0.05 ಹರ್ಟ್ಜ್. ಇದನ್ನು ಒಂದೇ ಪೋಲ್ ಇರುವ ಸರಳ ಫಿಲ್ಟರ್ ಎಂದು ಹಿಡಿಯಿರಿ. 2π ಗುಣಿಸು ಆವರ್ತನ, ಅದರಿಂದ ಒಂದನ್ನು ಭಾಗಿಸಿದರೆ ಟೈಮ್ ಕಾನ್‌ಸ್ಟಂಟ್, ಅಂದರೆ ಗೆರೆ ಎಷ್ಟು ಬೇಗ ಇಳಿಯುತ್ತದೆ ಎಂಬುದರ ಅಳತೆ: ಮಾನಿಟರಿಗೆ ಸುಮಾರು 0.32 ಸೆಕೆಂಡ್, ಇಸಿಜಿ ಯಂತ್ರಕ್ಕೆ ಸುಮಾರು 3.2 ಸೆಕೆಂಡ್. 0.2 ಸೆಕೆಂಡಿನಲ್ಲಿ 10 ಮಿಲಿಮೀಟರ್ ಎತ್ತರ ಮೊದಲನೆಯದರಲ್ಲಿ 5.3ಕ್ಕೆ ಇಳಿಯುತ್ತದೆ, ಎರಡನೆಯದರಲ್ಲಿ 9.4ಕ್ಕೆ. ನಾವು ಸ್ಕೇಲ್ ಇಟ್ಟು ಅಳೆದದ್ದು ಹೆಚ್ಚುಕಡಿಮೆ ಇದೇ.

ಇಂಥ ಫಿಲ್ಟರ್ ಸಾಲ ಇಟ್ಟುಕೊಳ್ಳದ ಮನುಷ್ಯನಂತೆ. ಕ್ಯೂಆರ್‌ಎಸ್ ಎಂಬ ಎತ್ತರದ ಮೊನೆಯನ್ನು ಗೆರೆಯ ಮೇಲ್ಗಡೆ ಬಿಟ್ಟುಕೊಟ್ಟರೆ, ಅಷ್ಟೇ ವಿಸ್ತೀರ್ಣವನ್ನು ಕೆಳಗಡೆ ಎಳೆದು ಲೆಕ್ಕ ಚುಕ್ತಾ ಮಾಡುತ್ತದೆ. ಮೊನೆ ಮುಗಿದ ಕೂಡಲೇ ಬರುವುದು ಎಸ್‌ಟಿ ಭಾಗ, ಜಗ್ಗುವುದು ಅದೇ. ಆ ರಾತ್ರಿಯ ಪಟ್ಟಿಯಲ್ಲಿ ಕಂಡದ್ದು ಹೃದಯದ ಕಾಯಿಲೆಯಲ್ಲ, ಫಿಲ್ಟರಿನ ಸ್ವಭಾವ. ಮಾನಿಟರಿನ ಮೆನುವಿನಲ್ಲಿ 'ಡಯಾಗ್ನಾಸ್ಟಿಕ್' ಎಂಬ ಇನ್ನೊಂದು ಆಯ್ಕೆ ಇತ್ತು, ಅದನ್ನು ಒತ್ತಿದರೆ ಎರಡೂ ಕಾಗದ ಒಂದೇ ಮಾತು ಹೇಳುತ್ತಿದ್ದವು. ನನ್ನ ಐಚ್ಛಿಕ ವಿಷಯದ ನೋಟ್ಸಿನಲ್ಲಿ 0.05 ಎಂಬ ಸಂಖ್ಯೆಯೂ ಇತ್ತು, 0.5 ಎಂಬ ಸಂಖ್ಯೆಯೂ ಇತ್ತು. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರೆದೂ ಇದ್ದೆ.

ಇದರ ಹಿಂದೆ ಒಂದು ಹಳೆಯ ಕಥೆಯೂ ಇದೆ, ನನಗೆ ಬಹಳ ಇಷ್ಟವಾದದ್ದು. ಇಸಿಜಿಯ ಪಿ, ಕ್ಯೂ, ಆರ್, ಎಸ್, ಟಿ ಎಂಬ ಅಕ್ಷರಗಳನ್ನು 1895ರಲ್ಲಿ ಇಟ್ಟವರು ನೆದರ್‌ಲೆಂಡ್ಸಿನ ವಿಲ್ಲೆಮ್ ಐಂಥೋವನ್. ಆಗ ಹೃದಯದ ವಿದ್ಯುತ್ತನ್ನು ಅಳೆಯಲು ಇದ್ದದ್ದು ಸಣ್ಣ ಕೊಳವೆಯೊಳಗೆ ಪಾದರಸ ಏರಿಳಿಯುವ ಉಪಕರಣ. ಪಾದರಸ ತೂಕದ ವಸ್ತು, ಹೃದಯದ ವೇಗಕ್ಕೆ ಸರಿಯಾಗಿ ಅದು ಓಡುವುದಿಲ್ಲ. ಕಂಡ ರೇಖೆ ಮೊಂಡಾಗಿತ್ತು. ಐಂಥೋವನ್ ಆ ಉಪಕರಣ ಎಷ್ಟು ಸೋಮಾರಿ ಎಂಬುದನ್ನು ಅಳೆದು, ಗಣಿತದಿಂದ ಆ ಸೋಮಾರಿತನವನ್ನು ಕಳೆದು, ನಿಜವಾದ ರೇಖೆ ಹೀಗಿರಬೇಕು ಎಂದು ಬರೆದರು. ಮೊಂಡು ರೇಖೆಗೆ ಎ, ಬಿ, ಸಿ, ಡಿ. ತಿದ್ದಿದ ರೇಖೆಗೆ ಪಿ, ಕ್ಯೂ, ಆರ್, ಎಸ್, ಟಿ. ಆಮೇಲೆ ಅವರೇ ಚುರುಕಾದ ತಂತಿಯ ಗ್ಯಾಲ್ವನೋಮೀಟರ್ ಕಟ್ಟಿದರು, 1924ರಲ್ಲಿ ನೊಬೆಲ್ ಬಂತು. ಇಂದು ನಾವು ಡಿಕನ್ವಲ್ಯೂಷನ್ ಎನ್ನುವುದು ಈ ಬಗೆಯ ಕೆಲಸಕ್ಕೇ.

ಐಸಿಯುವಿನಲ್ಲಿ ಇನ್ನೊಂದು ಉದಾಹರಣೆ ದಿನವೂ ನಡೆಯುತ್ತದೆ. ರಕ್ತನಾಳಕ್ಕೆ ಸೂಜಿ ಹಾಕಿ, ಸಲೈನ್ ತುಂಬಿದ ಟ್ಯೂಬಿನ ಮೂಲಕ ನೇರವಾಗಿ ರಕ್ತದೊತ್ತಡ ಅಳೆಯುತ್ತಾರೆ. ಟ್ಯೂಬಿನಲ್ಲಿ ಒಂದು ಗಾಳಿಗುಳ್ಳೆ ಕೂತರೆ ಅದು ಸ್ಪ್ರಿಂಗಿನಂತೆ ಕುಗ್ಗಿ ಹಿಗ್ಗಿ ಒತ್ತಡದ ಅಲೆಯ ಮೊನೆಯನ್ನು ತಿಂದುಹಾಕುತ್ತದೆ. ಮೇಲಿನ ಸಂಖ್ಯೆ ಕಡಿಮೆ, ಕೆಳಗಿನ ಸಂಖ್ಯೆ ಹೆಚ್ಚು ಕಾಣುತ್ತದೆ. ಅನುಭವಿ ಸಿಸ್ಟರ್ ಒಬ್ಬರು ಫ್ಲಶ್ ಕವಾಟವನ್ನು ಎಳೆದು ತಟ್ಟನೆ ಬಿಡುತ್ತಾರೆ, ಪರದೆಯ ಮೇಲೆ ಗೆರೆ ಒಂದೆರಡು ಸಲ ತುಯ್ದು ನಿಲ್ಲುತ್ತದೋ ಇಲ್ಲವೋ ನೋಡುತ್ತಾರೆ, ಟ್ಯೂಬಿಗೆ ಬೆರಳಿನಿಂದ ಎರಡು ಸಲ ತಟ್ಟಿ ಗುಳ್ಳೆ ಹೊರಡಿಸುತ್ತಾರೆ. ಅವರು ಸೆಕೆಂಡ್ ಆರ್ಡರ್ ವ್ಯವಸ್ಥೆಯ ಡ್ಯಾಂಪಿಂಗ್ ಪರೀಕ್ಷೆಯನ್ನು, ಅಂದರೆ ತುಯ್ದಾಟ ಎಷ್ಟು ಬೇಗ ಅಡಗುತ್ತದೆ ಎಂಬ ಪರೀಕ್ಷೆಯನ್ನು, ಮಾಡಿ ಮುಗಿಸಿದರು. ನಾವು ಅದನ್ನು ಮೂರು ಪುಟ ಬರೆಯುತ್ತೇವೆ.

ಹಾಗೆಂದು ಹೆಲ್ತ್‌ಕೇರ್ ಟೆಕ್ನಾಲಜಿ ದಂಡ ಎನ್ನುತ್ತಿಲ್ಲ. ಅರಸೀಕೆರೆ ಕಡೆಯ ಒಂದು ಸಣ್ಣ ಕ್ಲಿನಿಕ್‌ನಿಂದ ಏಪ್ರಿಲ್‌ನಲ್ಲಿ ಕರೆ ಬಂದಿತ್ತು. ಇಸಿಜಿಯ ಗೆರೆ ತೆಂಗಿನ ನಾರಿನ ಹಗ್ಗದಷ್ಟು ದಪ್ಪ, ಮೈತುಂಬ 50 ಹರ್ಟ್ಜ್‌ನ ಗುಂಯ್. ಅಲ್ಲಿನ ಹುಡುಗ ಇರುವ ಫಿಲ್ಟರುಗಳನ್ನೆಲ್ಲ ಒತ್ತಿ ಗೆರೆಯನ್ನು ತೆಳ್ಳಗೆ ಮಾಡಿಕೊಂಡು ತಿಂಗಳಿನಿಂದ ಕಾಗದ ಕೊಡುತ್ತಿದ್ದ. 35 ಹರ್ಟ್ಜ್‌ಗೆ ಕತ್ತರಿಸುವ ಫಿಲ್ಟರ್ ಹಾಕಿದರೆ ಆರ್ ಮೊನೆಯೂ ಗಿಡ್ಡವಾಗುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ನಾವು ಹೊರಗೆ ಹೋಗಿ ನೋಡಿದರೆ ಅರ್ಥಿಂಗ್ ಗುಂಡಿ ಒಣಗಿ ಬಿರುಕು ಬಿಟ್ಟಿತ್ತು. ನಾಲ್ಕು ಬಿಂದಿಗೆ ನೀರು ಸುರಿದು, ತುಕ್ಕು ಹಿಡಿದ ತಂತಿಯನ್ನು ಕೆರೆದು ಬಿಗಿದ ಮೇಲೆ ಗುಂಯ್ ಇಳಿಯಿತು. ಅದೇ ಸಕಲೇಶಪುರದ ಕಡೆ ಆಗಿದ್ದರೆ ಮಣ್ಣಿನಲ್ಲೇ ತೇವ ಇರುತ್ತಿತ್ತು. ಅಲ್ಲಿನ ತಲೆನೋವೇ ಬೇರೆ, ಮಳೆಗಾಲದಲ್ಲಿ ಕನೆಕ್ಟರ್‌ಗಳಿಗೆ ಬೂಸಲು. ಅರ್ಥಿಂಗ್ ಗುಂಡಿ ನೋಡು ಎಂದು ಯಾವ ಟ್ರಾನ್ಸ್‌ಫರ್ ಫಂಕ್ಷನ್ನೂ, ಅಂದರೆ ಒಳಬಂದದ್ದು ಹೊರಹೋಗುವಾಗ ಏನಾಗುತ್ತದೆಂದು ಹೇಳುವ ಯಾವ ಸೂತ್ರವೂ, ಹೇಳುವುದಿಲ್ಲ. ಹೃದಯಕ್ಕೆ ನೇರ ಸಂಪರ್ಕ ಇರುವ ಉಪಕರಣದಿಂದ ಸಾಮಾನ್ಯ ಸ್ಥಿತಿಯಲ್ಲಿ ರೋಗಿಯ ಮೈಗೆ 10 ಮೈಕ್ರೋಆಂಪಿಯರ್‌ಗಿಂತ ಹೆಚ್ಚು ವಿದ್ಯುತ್ ಸೋರಬಾರದು ಎಂಬುದನ್ನು, 2017ರ ವೈದ್ಯಕೀಯ ಉಪಕರಣ ನಿಯಮಗಳನ್ನು, ಯಾವ ಯಂತ್ರವನ್ನು ಯಾವ ದ್ರಾವಣದಿಂದ ಒರೆಸಬಾರದು ಎಂಬುದನ್ನು ಹೆಲ್ತ್‌ಕೇರ್ ಟೆಕ್ನಾಲಜಿಯವರೇ ಹೇಳಿಕೊಡಬೇಕು.

ಆದರೆ ಅದನ್ನೆಲ್ಲ ಆಸ್ಪತ್ರೆಯೂ ಹೇಳಿಕೊಡುತ್ತದೆ. ಸೇರಿದ ಆರು ತಿಂಗಳಲ್ಲಿ, ನಿಮಗೆ ಬೇಕೋ ಬೇಡವೋ, ಬೈದಾದರೂ ಕಲಿಸುತ್ತದೆ. ಮ್ಯಾಟ್ರಿಕ್ಸ್ ಲೆಕ್ಕದ ಐಗನ್ ಮೌಲ್ಯವನ್ನು ಐಸಿಯುವಿನಲ್ಲಿ ನಿಲ್ಲಿಸಿಕೊಂಡು ಹೇಳಿಕೊಡುವವರು ಸಿಗುವುದಿಲ್ಲ. ನಾನು ಮೂವತ್ತರ ವಯಸ್ಸಿನಲ್ಲಿ, ಮಗು ಮಲಗಿದ ಮೇಲೆ, ಎನ್‌ಪಿಟಿಇಎಲ್‌ನ ಆನ್‌ಲೈನ್ ಪಾಠಗಳನ್ನು ಕಿವಿಗೆ ಹಾಕಿಕೊಂಡು ಅದನ್ನು ಕಲಿತೆ. ಕಾಲೇಜಿನಲ್ಲಿ ಎದುರಿಗೆ ಅಧ್ಯಾಪಕರನ್ನು ಇಟ್ಟುಕೊಂಡು ಕಲಿಯಬಹುದಾಗಿದ್ದ ವಿಷಯ.

ಗಣಿತದ ಭಯಕ್ಕೆ ಬರುತ್ತೇನೆ. ಮೊದಲ ಅರ್ಧದಲ್ಲಿ ಬೇಕಾಗುವುದು ಎಕ್ಸ್‌ಪೊನೆನ್ಷಿಯಲ್, ಕಾಂಪ್ಲೆಕ್ಸ್ ಸಂಖ್ಯೆ, ಪಾರ್ಶಿಯಲ್ ಫ್ರಾಕ್ಷನ್. ಎರಡನೆಯ ಅರ್ಧದಲ್ಲಿ ಮ್ಯಾಟ್ರಿಕ್ಸ್. ಇಷ್ಟರಲ್ಲಿ ಕೈ ಪಳಗಿದರೆ ಸಾಕು. ಕಷ್ಟ ಅನಿಸುವುದು ಸ್ಟೇಟ್ ಸ್ಪೇಸ್, ಅಂದರೆ ವ್ಯವಸ್ಥೆಯ ಒಳಸ್ಥಿತಿಯನ್ನೇ ಲೆಕ್ಕಕ್ಕೆ ತರುವ ಭಾಗ, ಬಂದಾಗ, ಏಕೆಂದರೆ ಅಲ್ಲಿ ಪ್ರಶ್ನೆಯ ಬಗೆಯೇ ಬದಲಾಗುತ್ತದೆ: ಒಳಗೆ ನಡೆಯುತ್ತಿರುವುದನ್ನೆಲ್ಲ ಹೊರಗಿನ ಅಳತೆಯಿಂದ ತಿಳಿಯಬಹುದೇ? ಬೇಕಾದ ಸ್ಥಿತಿಗೆ ತಳ್ಳಬಹುದೇ? ಇವೆರಡನ್ನು ಅಬ್ಸರ್ವಬಿಲಿಟಿ, ಕಂಟ್ರೋಲಬಿಲಿಟಿ ಎಂಬ ಹೆಸರಿನಲ್ಲಿ ಮುಂದಿಟ್ಟವರು ರುಡಾಲ್ಫ್ ಕಾಲ್ಮನ್, 1960ರಲ್ಲಿ. ಹಾಸನದಲ್ಲಿ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಶುರುವಾದದ್ದೂ ಅದೇ ವರ್ಷ. ಆ ಕಾಲೇಜು ಇರುವ ಸಾಲಗಾಮೆ ರಸ್ತೆಯಲ್ಲೇ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವೂ ಇದೆ. 36,000 ಕಿಲೋಮೀಟರ್ ಎತ್ತರದ ಉಪಗ್ರಹವನ್ನು ಯಾರೂ ಹೋಗಿ ಮುಟ್ಟಿ ನೋಡುವುದಿಲ್ಲ, ಇಳಿದು ಬರುವ ಕೆಲವು ಅಂಕಿಗಳಿಂದ ಅದರ ಒಳಗನ್ನು ಊಹಿಸಬೇಕು. ಪ್ರಜ್ಞೆ ಇಲ್ಲದ ರೋಗಿಯ ಹಾಸಿಗೆ ಪಕ್ಕ ನಿಂತ ಡಾಕ್ಟರ ಪರಿಸ್ಥಿತಿಯೂ ಬೇರೆಯಲ್ಲ. ಆ ಗೇಟಿನ ಮುಂದೆ ಬಸ್ಸಿನಲ್ಲಿ ಹೋಗುವಾಗಲೆಲ್ಲ ನನಗೆ ಹಾಗನ್ನಿಸುತ್ತದೆ.

ಒಂದು ಎಚ್ಚರಿಕೆ: ದೇಹ ಲೀನಿಯರ್ ಅಲ್ಲ. ಎರಡರಷ್ಟು ಕೊಟ್ಟರೆ ಎರಡರಷ್ಟು ಬರಬೇಕೆಂಬ ನಿಯಮವನ್ನು ಅದು ಒಪ್ಪಿಕೊಂಡಿಲ್ಲ. ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್ ಔಷಧದ ಪ್ರಮಾಣವನ್ನು ಸ್ವಲ್ಪ ಏರಿಸಿದರೆ ರಕ್ತದಲ್ಲಿ ಅದರ ಮಟ್ಟ ಕೆಲವೊಮ್ಮೆ ವಿಪರೀತ ಏರುತ್ತದೆ, ಯಕೃತ್ತು ಅದನ್ನು ಕರಗಿಸುವ ವೇಗಕ್ಕೆ ಒಂದು ಮಿತಿ ಇರುವುದರಿಂದ. ಲೀನಿಯರ್ ಕಲಿತವರಿಗೆ ಇಂಥದ್ದು ಬೇಗ ಕಣ್ಣಿಗೆ ಬೀಳುತ್ತದೆ, ಯಾವ ನಿಯಮ ಮುರಿಯಿತು ಎಂದು ಗೊತ್ತಿರುತ್ತದೆಯಲ್ಲ.

ಸೆಮಿಸ್ಟರ್ ನಡೆಯುವಾಗ ಲೆಕ್ಕಗಳನ್ನು ಕಾಗದದಲ್ಲೇ ಬಿಡಬೇಡಿ. ಫಿಸಿಯೋನೆಟ್ ತಾಣದಲ್ಲಿ ಎಂಐಟಿ-ಬಿಐಎಚ್ ಇಸಿಜಿ ಸಂಗ್ರಹ ಉಚಿತವಾಗಿ ಸಿಗುತ್ತದೆ: ಅರ್ಧರ್ಧ ಗಂಟೆಯ 48 ದಾಖಲೆಗಳು, ಸೆಕೆಂಡಿಗೆ 360 ಮಾದರಿ. ಆಕ್ಟೇವ್ ಎಂಬ ಲೆಕ್ಕದ ಸಾಫ್ಟ್‌ವೇರ್ ಕೂಡ ಉಚಿತ. ಒಂದು ದಾಖಲೆ ತೆಗೆದು ಮೇಲೆ ಹೇಳಿದ 0.5 ಹರ್ಟ್ಜ್ ಫಿಲ್ಟರ್ ಹಾಕಿ, ಎಸ್‌ಟಿ ಏನಾಗುತ್ತದೆ ನೋಡಿ. ಗುಂಯ್ ತೆಗೆಯಲು ಹೊರಟರೆ ಅದು ಅಮೆರಿಕದ ದಾಖಲೆ ಎಂಬುದು ನೆನಪಿರಲಿ, ಅಲ್ಲಿ ಕರೆಂಟು 60 ಹರ್ಟ್ಜ್; ನಾನು 50ಕ್ಕೆ ಫಿಲ್ಟರ್ ಕಟ್ಟಿ ಒಂದು ಭಾನುವಾರ ಪೂರ್ತಿ ತಲೆ ಕೆರೆದುಕೊಂಡಿದ್ದೇನೆ.

ಅರ್ಜಿ ತುಂಬುವ ಮೊದಲು ಲೀನಿಯರ್ ಸಿಸ್ಟಮ್ಸ್ ಕಲಿಸುವವರನ್ನು ಕಂಡು ಸ್ಟೇಟ್ ಸ್ಪೇಸ್‌ವರೆಗೆ ಹೋಗುತ್ತಾರೋ ಕೇಳಿ. ಹೋಗುವುದಿಲ್ಲ, ಕಡ್ಡಾಯ ಪೇಪರಿನಲ್ಲಿ ಇದ್ದದ್ದನ್ನೇ ಮತ್ತೆ ಮಾಡುತ್ತಾರೆ ಎಂದಾದರೆ ಮಾತ್ರ ನನ್ನ ಸಲಹೆ ಬಿಟ್ಟು ಇನ್ನೊಂದನ್ನು ತೆಗೆದುಕೊಳ್ಳಿ. ಹಾಗೆಯೇ ನಿಮ್ಮ ಲ್ಯಾಬಿನ ಮೂಲೆಯಲ್ಲಿ ಹಳೆಯ ಒಂಟಿ ಚಾನೆಲ್ ಇಸಿಜಿ ಯಂತ್ರ ಇದೆಯೋ ಹುಡುಕಿ. ಇದ್ದರೆ, ಕಾಗದ ಓಡುತ್ತಿರುವಾಗ ಒಂದು ಮಿಲಿವೋಲ್ಟಿನ ಗುಂಡಿಯನ್ನು ಒತ್ತಿ ಹಿಡಿದುಕೊಂಡೇ ಇರಿ, ಗೆರೆ ಪೂರ್ತಿ ಕೆಳಗಿಳಿಯುವವರೆಗೆ ಬಿಡಬೇಡಿ. ಆ ಕಾಗದದ ಫೋಟೊ ಇಲ್ಲಿ ಹಾಕಿ. ಮನೆಗಳನ್ನು ಎಣಿಸಿ ಟೈಮ್ ಕಾನ್‌ಸ್ಟಂಟ್ ಎಷ್ಟೆಂದು ಇಬ್ಬರೂ ಲೆಕ್ಕ ಹಾಕೋಣ.