ಗದಾಯುದ್ಧ ಬಿಟ್ಟು ಪರ್ವ ಹಿಡಿದವರಿಗೆ

(ಮೈಸೂರಿನಲ್ಲಿ ಕನ್ನಡ ಎಂ.ಎ. ಮಾಡುತ್ತಿರುವ ಓದುಗಿಯೊಬ್ಬರ ಪತ್ರದ ಸಾರ: “ರನ್ನನ ಹಳಗನ್ನಡ ಕಾವ್ಯ ‘ಗದಾಯುದ್ಧ’ದ ಸಿಂಹಾವಲೋಕನ ಕ್ರಮದ, ಅಂದರೆ ಹಿಂತಿರುಗಿ ನೋಡುತ್ತಾ ಕಥೆ ಹೇಳುವ ರೀತಿಯ, ಮೇಲೆ ಸೆಮಿನಾರ್ ಪ್ರಬಂಧ ಕೊಡಬೇಕು. ಇಂಟರ್ನಲ್ ಮಾರ್ಕ್ಸ್ ಅದರ ಮೇಲೇ ನಿಂತಿದೆ. ಇನ್ನೂ ಒಂದು ಸಾಲು ಬರೆದಿಲ್ಲ. ಈ ನಡುವೆ ಭೈರಪ್ಪನವರ ‘ಪರ್ವ’ ಮುಗಿಸಿದೆ, ಈಗ ತೇಜಸ್ವಿಯವರ ‘ಕರ್ವಾಲೊ’ ಹಿಡಿದಿದ್ದೇನೆ. ಇದೂ ಸಾಹಿತ್ಯದ ಓದೇ ಅಲ್ವಾ ಸರ್? ಮತ್ತೆ ಯಾಕೆ ಕದ್ದು ಓದುತ್ತಿರುವ ಹಾಗೆ ಅನಿಸುತ್ತೆ?”)

ನಮಸ್ಕಾರ.

ಸೆಮಿನಾರಿಗೆ ಒಂದು ಸಾಲು ಬರೆಯಲಾಗದವರು ನಮಗೆ ನಾಲ್ಕು ಪುಟದ ಪತ್ರ ಬರೆದಿದ್ದೀರಿ. ಅದೂ ಒಂದು ಚಿತ್ತಿಲ್ಲದೆ. ಹಾಗಾಗಿ ಬರೆಯಲು ಬರುವುದಿಲ್ಲ ಅನ್ನುವ ಮಾತು ಬೇಡ.

ಓದೇ ಅಲ್ವಾ ಅಂತ ಕೇಳಿದ್ದೀರಿ. ಓದೇ. ಆದರೆ ಕಾದಂಬರಿಗೂ ನನ್ನ ಕೈಯಿಂದ ಹಾಜರಿ ಹಾಕಿಸಿಕೊಳ್ಳಲು ನೋಡುತ್ತಿದ್ದೀರಲ್ಲ, ಅದು ಆಗುವುದಿಲ್ಲ. ಖುಷಿಗೆ ಓದಿದ್ದು ಖುಷಿಗೇ ಇರಲಿ. ಅದನ್ನು ‘ಸಾಹಿತ್ಯಾಭ್ಯಾಸ’ ಅಂತ ಕರೆದ ಮರುದಿನವೇ ಅದರ ರುಚಿ ಹೋಗುತ್ತದೆ. ಮುಂದಿನ ಸೆಮಿಸ್ಟರಿಗೆ ‘ಕರ್ವಾಲೊ’ವನ್ನೇ ಪಠ್ಯ ಮಾಡಿ ನೋಡಿ. ಅದರಲ್ಲಿ ಎಲ್ಲರೂ ಹುಡುಕುವ ಹಾರುವ ಓತಿಯನ್ನು ಅಲ್ಲೇ ಬಿಟ್ಟು ರನ್ನನನ್ನು ದಿಂಬಿನ ಕೆಳಗೆ ಬಚ್ಚಿಟ್ಟುಕೊಂಡು ಓದುತ್ತೀರಿ! ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ‘ಇಂದಿರಾಬಾಯಿ’ಗೂ ಇದೇ ಆಯಿತು. 1899ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಿಂದ ಬಂದ ಆ ಪುಸ್ತಕದಲ್ಲಿ ವಿಧವೆಗೆ ಮರುಮದುವೆ ಆಗುತ್ತದೆ. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ಇವತ್ತು ಎಷ್ಟೋ ಜನರಿಗೆ ಅದು ನೋಟ್ಸಿನಲ್ಲಿ ಬರುವ ಒಂದು ಇಸವಿ, ಅಷ್ಟೇ.

ನನಗೆ ಕಾಣುವಂತೆ ತೊಡಕು ಇರುವುದು ಓದಿನ ವೇಗದಲ್ಲಿ. ಕಾದಂಬರಿ ನಿಮ್ಮನ್ನು ಓಡಿಸಿಕೊಂಡು ಹೋಗುತ್ತದೆ. ಹಳಗನ್ನಡದಲ್ಲಿ ಒಂದು ಕಂದಪದ್ಯಕ್ಕೆ ಸಂಧಿ ಬಿಡಿಸಬೇಕು, ಅನ್ವಯ ಹೊಂದಿಸಬೇಕು, ನಿಘಂಟು ತೆಗೆಯಬೇಕು. ಅರ್ಧ ಗಂಟೆಗೆ ನಾಲ್ಕು ಪದ್ಯ ದಾಟಿದರೆ ಜಾಸ್ತಿ. ಓಟಕ್ಕೆ ಒಗ್ಗಿದ ಮನಸ್ಸು ಅಲ್ಲಿ ಚಡಪಡಿಸುತ್ತದೆ. ಆಗ ಕೈ ತಾನಾಗಿ ಇನ್ನೊಂದು ಪುಸ್ತಕಕ್ಕೆ ಹೋಗುತ್ತದೆ. ಇದಕ್ಕೆ ಸೋಮಾರಿತನ ಅನ್ನುವ ಹೆಸರು ಬೇಡ. ಸೋಮಾರಿಗಳು ‘ಪರ್ವ’ದಷ್ಟು ದಪ್ಪ ಪುಸ್ತಕ ಮುಗಿಸುವುದಿಲ್ಲ.

ಇನ್ನು ತಮಾಷೆ ಏನು ಗೊತ್ತಾ? ನೀವು ತಪ್ಪಿಸಿಕೊಂಡು ಓಡಿದ್ದು ಅದೇ ಊರಿಗೆ. ಎರಡೂ ಮಹಾಭಾರತದ ಕಥೆಯೇ. ‘ಪರ್ವ’ ಶುರುವಾಗುವುದು ಮುದುಕ ಶಲ್ಯನಿಂದ. ಆಮೇಲೆ ಕುಂತಿ, ಭೀಮ, ದ್ರೌಪದಿ ಒಬ್ಬೊಬ್ಬರೂ ಹಿಂದಿನದನ್ನು ನೆನೆಯುತ್ತಾರೆ. ಯುದ್ಧ ಎದುರಿಗೇ ಇದೆ, ಕಥೆ ಮಾತ್ರ ಹಿಂದಕ್ಕೆ ಹೋಗುತ್ತದೆ. ರನ್ನ ಮಾಡಿದ್ದೇನು? ಪಂಪಭಾರತದ ಹದಿಮೂರನೆಯ ಆಶ್ವಾಸದ, ಅಂದರೆ ಅಧ್ಯಾಯದ, ಕಥೆಯನ್ನು ಹಿಡಿದು ಹತ್ತು ಆಶ್ವಾಸಕ್ಕೆ ಬೆಳೆಸಿದ. ಯುದ್ಧ ಮುಗಿಯುತ್ತಾ ಬಂದಿರುವಾಗ ಕಥೆ ಎತ್ತಿಕೊಂಡ. ಉಳಿದ ಮಹಾಭಾರತವನ್ನೆಲ್ಲ ಹಿಂತಿರುಗಿ ನೋಡಿ ಹೇಳಿಸಿದ. ಹೇಳುವವರಾದರೂ ಯಾರು? ಸಂಜಯನ ಜೊತೆ ಹೆಣಗಳ ನಡುವೆ ನಡೆಯುವ ದುರ್ಯೋಧನನನ್ನು ನೋಡಿ. ದ್ರೋಣ, ದುಶ್ಶಾಸನ, ಕರ್ಣ, ಒಂದೊಂದು ದೇಹದ ಮುಂದೆಯೂ ಒಂದೊಂದು ನೆನಪು. ಅಭಿಮನ್ಯುವಿನ ಮುಂದೆ ನಿಂತಾಗ ಶತ್ರುವಿನ ಮಗನಿಗೂ ಕೈಮುಗಿಯುತ್ತಾನೆ. ನಿಮಗೆ ‘ಪರ್ವ’ದಲ್ಲಿ ಭೀಮನ ನೆನಪುಗಳು ಹಿಡಿಸಿದವು ಅಂತ ಬರೆದಿದ್ದೀರಿ. ರನ್ನನ ಭೀಮ ಯಾವುದನ್ನು ನೆನೆಯುತ್ತಾನೆ, ಯಾವುದನ್ನು ಮರೆಯಲು ಒಲ್ಲ ಅಂತ ಹುಡುಕಿ. ವಿಷಯ ಅಲ್ಲೇ ಇದೆ.

ಹಾಗಂತ ‘ಗದಾಯುದ್ಧ ಮತ್ತು ಪರ್ವ: ಒಂದು ತೌಲನಿಕ ಅಧ್ಯಯನ’ ಅಂತ ತಲೆಬರಹ ಕೊಟ್ಟುಬಿಡಬೇಡಿ, ದಯವಿಟ್ಟು. ಅಂಥವು ನಮ್ಮ ಕಚೇರಿಯಲ್ಲಿ ಕಟ್ಟುಗಟ್ಟಲೆ ಇವೆ. ಕಾದಂಬರಿ ನಿಮ್ಮ ಕಣ್ಣನ್ನು ಪಳಗಿಸಿದೆ, ಆ ಕಣ್ಣಿನಿಂದ ರನ್ನನನ್ನು ನೋಡಿ. ಪ್ರಬಂಧದಲ್ಲಿ ಕಾದಂಬರಿಯ ಹೆಸರು ಬರಲೇಬೇಕು ಅಂತೇನೂ ಇಲ್ಲ.

ಮೊದಲು ಗೈಡು ಮುಚ್ಚಿಡಿ. ಗದ್ಯಾನುವಾದ ಇರುವ ಪ್ರತಿಯನ್ನು ಲೈಬ್ರರಿಯಲ್ಲಿ ಕೇಳಿ, ನಾಚಿಕೆ ಬೇಡ. ಒಂದು ಸಂಜೆ ರೂಮ್‌ಮೇಟನ್ನು ಕೂರಿಸಿಕೊಂಡು, ದುರ್ಯೋಧನ ಸರೋವರದಲ್ಲಿ ಅಡಗಿರುವಾಗ ಭೀಮ ಬಂದು ಕೂಗುವ ಪದ್ಯಗಳನ್ನು ಗಟ್ಟಿಯಾಗಿ ಓದಿ. ನೀರೊಳಗಿದ್ದೂ ದುರ್ಯೋಧನ ಬೆವರುತ್ತಾನಲ್ಲ, ಆ ಪದ್ಯ ಓದುವಾಗ ಪಕ್ಕದ ರೂಮಿನವರು ಬಂದು ಏನಾಯ್ತು ಅಂತ ಕೇಳಬೇಕು. ರನ್ನ ಕಿವಿಯ ಕವಿ. ಸುಮ್ನೆ ಕಣ್ಣಾಡಿಸಿದರೆ ಸಿಗುವವನಲ್ಲ. ಆಮೇಲೆ ಒಂದೇ ಒಂದು ನೆನಪನ್ನು ಆರಿಸಿಕೊಂಡು ಎರಡು ಪುಟ ಬರೆಯಿರಿ, ಕೆಟ್ಟದಾಗಿಯೇ ಬರೆಯಿರಿ. ನಮಗೆ ಬರೆದ ಪತ್ರದ ಭಾಷೆಯಲ್ಲೇ ಬರೆಯಿರಿ. ‘ಇಲ್ಲಿ ಕಂಡುಬರುತ್ತದೆ’, ‘ಗಮನಾರ್ಹವಾಗಿದೆ’ ಎಲ್ಲ ಕೊನೆಗೆ ಬೇಕಾದರೆ ಸೇರಿಸಿಕೊಳ್ಳಬಹುದು. ನಿಮ್ಮ ಮೇಷ್ಟ್ರಿಗೆ ಅವು ಬೇಕಾಗಲಿಕ್ಕಿಲ್ಲ ಅಂತ ನನ್ನ ಗುಮಾನಿ.

‘ಕರ್ವಾಲೊ’ ಅರ್ಧಕ್ಕೆ ಬಿಡಿ ಅಂತ ನಾನು ಹೇಳಲಾರೆ. ಸಣ್ಣ ಪುಸ್ತಕ, ಒಂದು ರಾತ್ರಿಯಲ್ಲಿ ಮುಗಿಯುತ್ತದೆ. ಮುಗಿಸಿ ಲೈಬ್ರರಿಗೆ ವಾಪಸ್ ಕೊಟ್ಟುಬಿಡಿ. ಆದರೆ ಅದೇ ಕೌಂಟರಿನಲ್ಲಿ ಇನ್ನೊಂದು ಕಾದಂಬರಿ ತೆಗೆದುಕೊಳ್ಳಬೇಡಿ.

ಸೆಮಿನಾರ್ ಆದ ಮೇಲೆ ಪ್ರಬಂಧ ನಮಗೂ ಕಳಿಸಿ. ಹಿಡಿಸಿದರೆ ಅಚ್ಚು ಹಾಕುತ್ತೇವೆ. ಹಾಳೆಯ ಒಂದೇ ಮಗ್ಗುಲಿಗೆ ಬರೆದಿರಲಿ, ಎಡಕ್ಕೆ ಸ್ವಲ್ಪ ಜಾಗ ಬಿಟ್ಟಿರಲಿ.

— ಸಂಪಾದಕ