ನೀವು ಕೇಳಿದಿರಿ: ಹಳೇ ಬೈಕು, ರೇಸ್ ಕಾರುಗಳ ಮ್ಯೂಸಿಯಂಗೆ ಹೋಗುವ ಮುನ್ನ

ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್ ಊರಿನಲ್ಲಿರುವ ಬಾರ್ಬರ್ ಮ್ಯೂಸಿಯಂ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರ ಇದೆ. ಅದು ಜಗತ್ತಿನ ಅತಿ ದೊಡ್ಡ ಬೈಕ್ ಮ್ಯೂಸಿಯಂ ಎಂದು ಗಿನ್ನೆಸ್ ದಾಖಲೆಯಲ್ಲಿದೆ.

ಪ್ರಶ್ನೆ: ನಮ್ಮ ಮಗ ಅಟ್ಲಾಂಟಾದಲ್ಲಿದ್ದಾನೆ. ಅಕ್ಟೋಬರ್‌ನಲ್ಲಿ ನಾವಿಬ್ಬರೂ ಅಲ್ಲಿಗೆ ಹೋಗುತ್ತಿದ್ದೇವೆ. ಈ ಮ್ಯೂಸಿಯಂಗೆ ಕರ್ಕೊಂಡು ಹೋಗ್ತೀನಿ ಅಂತ ಅವನು ಹಟ ಹಿಡಿದಿದ್ದಾನೆ. ನನಗೆ ಬೈಕಿನ ಗಂಧಗಾಳಿ ಇಲ್ಲ, ನಮ್ಮ ಯಜಮಾನರಿಗೆ ಮಂಡಿನೋವು. ಹೋಗಬಹುದಾ? (ಶಿವಮೊಗ್ಗದ ಓದುಗರು)

ಧಾರಾಳವಾಗಿ ಹೋಗಿ ಅಮ್ಮಾ. ಅಟ್ಲಾಂಟಾದಿಂದ ಐ-20 ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಎರಡು ಗಂಟೆಗಿಂತ ಸ್ವಲ್ಪ ಜಾಸ್ತಿ ದಾರಿ. ಒಂದು ವಿಷಯ ನೆನಪಿಡಿ, ಅಲಬಾಮಾದ ಗಡಿ ದಾಟಿದರೆ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ಹೋಗುವಾಗ ಸಿಕ್ಕಿದ ಆ ಗಂಟೆ ವಾಪಸ್ ಬರುವಾಗ ಕಳೆದುಹೋಗುತ್ತದೆ, ರಾತ್ರಿ ಊಟಕ್ಕೆ ಎಲ್ಲಿಗಾದರೂ ಬರುತ್ತೇವೆಂದು ಹೇಳಿದ್ದರೆ ಲೆಕ್ಕ ಹಾಕಿಕೊಳ್ಳಿ.

ಮಂಡಿನೋವಿನ ಚಿಂತೆ ಬೇಡ. ಐದು ಅಂತಸ್ತು ಇದೆ ನಿಜ, ಆದರೆ ನಟ್ಟನಡುವೆ ದೊಡ್ಡ ಗಾಜಿನ ಲಿಫ್ಟ್ ಇದೆ. ಅದರ ಸುತ್ತ ಇಳಿಜಾರು ದಾರಿ. ಎಲ್ಲರೂ ಮೇಲಕ್ಕೆ ಹೋಗಿ ನಡೆದುಕೊಂಡು ಇಳಿಯಿರಿ ಅನ್ನುತ್ತಾರೆ, ಆದರೆ ಮಂಡಿ ನೋಯುವವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ, ಹಾಗಾಗಿ ಯಜಮಾನರು ಪ್ರತಿ ಅಂತಸ್ತಿಗೂ ಲಿಫ್ಟಿನಲ್ಲೇ ಹೋಗಲಿ.

ನಿಮಗೆ ಬೇಸರ ಬಂದರೆ ಗಾಜಿನ ಗೋಡೆಯ ಹತ್ತಿರ ಹೋಗಿ ಹೊರಗೆ ನೋಡಿ. ಮ್ಯೂಸಿಯಂ ಇರುವುದೇ ರೇಸ್ ಟ್ರ್ಯಾಕಿನ ಪಕ್ಕದಲ್ಲಿ. ಸುಮಾರು 3.8 ಕಿಲೋಮೀಟರ್ ಉದ್ದದ ಆ ಟ್ರ್ಯಾಕಿನ ಸುತ್ತ ಹುಲ್ಲು, ಮರ, ಅಲ್ಲಲ್ಲಿ ಶಿಲ್ಪಗಳು, ಅದರಲ್ಲಿ ಒಂದು ದೈತ್ಯ ಜೇಡ. ರೇಸ್ ಟ್ರ್ಯಾಕ್ ಅಂದರೆ ಬರೀ ಡಾಂಬರು, ಟೈರಿನ ರಾಶಿ ಅಂದುಕೊಂಡವರಿಗೆ ಇದು ತೋಟದ ಥರ ಕಾಣುತ್ತದೆ. ಇದನ್ನೆಲ್ಲ ಕಟ್ಟಿಸಿದ ಜಾರ್ಜ್ ಬಾರ್ಬರ್ ಅವರ ಮನೆತನದ್ದು ಹಾಲಿನ ವ್ಯಾಪಾರ. 1960ರ ದಶಕದಲ್ಲಿ ಅವರೇ ಪೋರ್ಷೆ ಕಾರುಗಳ ರೇಸ್ ಓಡಿಸುತ್ತಿದ್ದರು. ಮ್ಯೂಸಿಯಂ ಮೊದಲು 1995ರಲ್ಲಿ ಊರೊಳಗೆ ತೆರೆಯಿತು, ಈಗಿನ ಜಾಗಕ್ಕೆ ಬಂದದ್ದು 2003ರಲ್ಲಿ.

ಅಕ್ಟೋಬರ್ ಅಂದಿರಲ್ಲ, ಆ ತಿಂಗಳಲ್ಲೇ ಅಲ್ಲಿ ಹಳೇ ಬೈಕುಗಳ ದೊಡ್ಡ ಜಾತ್ರೆ ನಡೆಯುತ್ತದೆ. ಮಗನಿಗೆ ಅದೇ ದಿನ ಹೋಗುವ ಆಸೆ ಇರುತ್ತದೆ, ಬಾಯಿ ಬಿಟ್ಟು ಹೇಳಿರಲಿಕ್ಕಿಲ್ಲ ಅಷ್ಟೆ. ಗದ್ದಲ, ಹೊಗೆ, ಪಾರ್ಕಿಂಗ್ ಪರದಾಟ ಬೇಡ ಅನ್ನಿಸಿದರೆ ಬೇರೆ ದಿನ ನೋಡಿ ಎಂದು ಈಗಲೇ ಹೇಳಿಬಿಡಿ.

ಪ್ರಶ್ನೆ: ನಾನು ಮೆಕ್ಯಾನಿಕಲ್ ಓದುತ್ತಿದ್ದೇನೆ. ಅಣ್ಣನ ಮನೆಗೆ ಹೋದಾಗ ಅರ್ಧ ದಿನ ಮಾತ್ರ ಸಿಗುತ್ತದೆ. 1600ಕ್ಕೂ ಹೆಚ್ಚು ಬೈಕುಗಳ ಸಂಗ್ರಹವಂತೆ! ಯಾವುದನ್ನು ನೋಡಲಿ, ಯಾವುದನ್ನು ಬಿಡಲಿ? (ದಾವಣಗೆರೆಯ ಓದುಗರು)

ಎಲ್ಲವನ್ನೂ ನೋಡಲು ಹೋಗಬೇಡಿ. ಅಷ್ಟೂ ಬೈಕನ್ನು ಒಟ್ಟಿಗೆ ಹೊರಗೆ ಇಟ್ಟಿರುವುದೂ ಇಲ್ಲ. ಆದರೂ ಮೊದಲ ಅಂತಸ್ತು ಮುಗಿಸುವಷ್ಟರಲ್ಲಿ ಕಣ್ಣು ಸೋತು, ಆಮೇಲೆ ಸುಮ್ನೆ ಫೋಟೋ ಹೊಡೆಯುತ್ತಾ ನಡೆಯುತ್ತೀರಿ. ಅದರ ಬದಲು ಒಂದೇ ಪ್ರಶ್ನೆ ಹಿಡಿದುಕೊಂಡು ಒಳಗೆ ಹೋಗಿ. ನಿಮ್ಮಂಥ ವಿದ್ಯಾರ್ಥಿಗೆ ನಾನು ಕೊಡುವ ಪ್ರಶ್ನೆ ಇದು: ಫ್ರೇಮ್, ಅಂದರೆ ಎಂಜಿನ್, ಚಕ್ರಗಳನ್ನೆಲ್ಲ ಹಿಡಿದಿಡುವ ಪೈಪಿನ ಪಂಜರ, ಎಲ್ಲಿ ಹೋಯಿತು?

ಮೊದಲು ಯಾವುದಾದರೂ ವಿನ್ಸೆಂಟ್ ಬೈಕಿನ ಮುಂದೆ ನಿಲ್ಲಿ. ಬ್ರಿಟನ್ನಿನ ಈ ಕಂಪನಿ 1946ರಲ್ಲಿ ತಂದ ರ‍್ಯಾಪಿಡ್ ಬೈಕಿನಲ್ಲಿ ಎಂಜಿನ್ ಸುತ್ತ ಇರಬೇಕಾದ ಪೈಪುಗಳೇ ಇಲ್ಲ. ಮೇಲೆ ಒಂದು ಉಕ್ಕಿನ ಪೆಟ್ಟಿಗೆ, ಅದಕ್ಕೆ ಎಂಜಿನ್ ನೇತುಹಾಕಿದ್ದಾರೆ, ಹಿಂದಿನ ಚಕ್ರ ಎಂಜಿನ್ನಿಗೆ ಸೇರಿಕೊಂಡಿದೆ. ಇನ್ನೊಂದು ತಮಾಷೆ ಅಂದರೆ ಆ ಪೆಟ್ಟಿಗೆಯೇ ಆಯಿಲ್ ಟ್ಯಾಂಕ್ ಕೂಡ. ಎಂಜಿನ್ ಹೇಗೂ ಗಟ್ಟಿಯಾದ ಲೋಹದ ಗಡ್ಡೆ, ಅದಕ್ಕೆ ಮತ್ತೆ ಪಂಜರ ಯಾಕೆ ಅನ್ನುವುದು ಅವರ ಯೋಚನೆ.

ಅಲ್ಲಿಂದ ರೇಸ್ ಕಾರುಗಳ ಕಡೆ ಹೋಗಿ. ಲೋಟಸ್ ರೇಸ್ ಕಾರುಗಳ ದೊಡ್ಡ ಸಂಗ್ರಹ ಇಲ್ಲಿದೆ, ಬೈಕಿಗೆ ಬಂದವರು ಅದನ್ನು ದಾಟಿ ಹೋಗಿಬಿಡುತ್ತಾರೆ, ಅನ್ಯಾಯ. ಲೋಟಸ್ ಕಟ್ಟಿದ ಕಾಲಿನ್ ಚಾಪ್ಮನ್ 1962ರಲ್ಲಿ ಲೋಟಸ್ 25 ಎಂಬ ಫಾರ್ಮುಲಾ ಒನ್ ಕಾರು ತಂದರು. ಅಲ್ಲಿಯವರೆಗೆ ಸಣ್ಣ ಸಣ್ಣ ಪೈಪುಗಳನ್ನು ಬೆಸೆದು ಪಂಜರ ಮಾಡಿ, ಮೇಲೆ ತಗಡು ಹೊದಿಸುತ್ತಿದ್ದರು. ಚಾಪ್ಮನ್ ಪಂಜರ ತೆಗೆದು, ತಗಡನ್ನೇ ತೊಟ್ಟಿಯಂತೆ ಮಡಿಸಿ ಅದಕ್ಕೇ ಭಾರ ಹೊರಿಸಿದರು. ಲೋಟಸ್ ಚಾಲಕ ಜಿಮ್ ಕ್ಲಾರ್ಕ್ 1963ರ ಫಾರ್ಮುಲಾ ಒನ್ ಚಾಂಪಿಯನ್ ಆದದ್ದು ಈ ಕಾರಿನಲ್ಲಿ. 1967ರ ಲೋಟಸ್ 49ರಲ್ಲಿ ಇನ್ನೊಂದು ಹೆಜ್ಜೆ. ತೊಟ್ಟಿ ಚಾಲಕನ ಬೆನ್ನಿಗೇ ಮುಗಿಯುತ್ತದೆ, ಅದಕ್ಕೆ ಎಂಜಿನ್ ಬೋಲ್ಟ್ ಮಾಡುತ್ತಾರೆ, ಹಿಂದಿನ ಚಕ್ರಗಳ ಭಾರವೆಲ್ಲ ಎಂಜಿನ್ ಮತ್ತು ಗೇರ್ ಬಾಕ್ಸ್ ಮೇಲೆ. ವಿನ್ಸೆಂಟ್ ಬೈಕು ನೆನಪಾಯಿತಲ್ವಾ?

ಕೊನೆಗೆ ಬ್ರಿಟನ್ ವಿ1000 ಎಂಬ ರೇಸ್ ಬೈಕು ಹುಡುಕಿ. ಹೆಸರು ದೇಶದ್ದಲ್ಲ, ನ್ಯೂಜಿಲೆಂಡಿನ ಜಾನ್ ಬ್ರಿಟನ್ ಅವರದ್ದು. ಜಗತ್ತಿನಲ್ಲಿ ಹತ್ತೇ ಇವೆ, ಒಂದು ಇಲ್ಲಿದೆ. ದೊಡ್ಡ ಕಂಪನಿಯ ಬೆಂಬಲ ಇಲ್ಲದೆ, ಮನೆಯ ಶೆಡ್ಡಿನಲ್ಲಿ ಕೆಲವು ಗೆಳೆಯರ ಜೊತೆ ಸೇರಿ ಎಂಜಿನ್ ಕೂಡ ಅವರೇ ಮಾಡಿಕೊಂಡರು. ತಂತಿ ಬಗ್ಗಿಸಿ, ಬಿಸಿ ಅಂಟು ಹಾಕಿ ಮೈಯ ಆಕಾರ ತಂದರಂತೆ. ಇದರಲ್ಲೂ ಫ್ರೇಮ್ ಇಲ್ಲ, ಎಂಜಿನ್ನೇ ಬೆನ್ನುಮೂಳೆ. ರೇಡಿಯೇಟರ್ ಎಲ್ಲಿದೆ ಅಂತ ಹುಡುಕಿ, ಸೀಟಿನ ಕೆಳಗಿದೆ. ಮುಂದಿನ ಜಾಗ ಖಾಲಿಯಾದರೆ ಬೈಕು ತೆಳ್ಳಗಾಗುತ್ತದೆ, ಗಾಳಿ ಸಲೀಸಾಗಿ ಸೀಳುತ್ತದೆ. ಬ್ರಿಟನ್ 1995ರಲ್ಲಿ, 45ನೇ ವಯಸ್ಸಿಗೇ ಕ್ಯಾನ್ಸರಿನಿಂದ ತೀರಿಕೊಂಡರು.

ಸಮಯ ಉಳಿದರೆ ಜಾನ್ ಸರ್ಟೀಸ್ ಓಡಿಸಿದ ಫೆರಾರಿ 158 ನೋಡಿ. 500 ಸಿಸಿ ಬೈಕಿನಲ್ಲಿ ನಾಲ್ಕು ಸಲ ವಿಶ್ವ ಚಾಂಪಿಯನ್ ಆಗಿ, ಆಮೇಲೆ 1964ರಲ್ಲಿ ಫಾರ್ಮುಲಾ ಒನ್ ಚಾಂಪಿಯನ್ ಆದ ಮನುಷ್ಯ. ಎರಡು ಚಕ್ರ, ನಾಲ್ಕು ಚಕ್ರ ಎರಡರಲ್ಲೂ ಗೆದ್ದವರು ಅವರೊಬ್ಬರೇ.

ಪ್ರಶ್ನೆ: ಗಾಡಿಗಳನ್ನು ಮುಟ್ಟಿ ನೋಡಬಹುದಾ? ಅವು ಸ್ಟಾರ್ಟ್ ಆಗುತ್ತವಾ? (ಹುಬ್ಬಳ್ಳಿಯ ಓದುಗರು)

ಮುಟ್ಟಬೇಡಿ. ಬೆವರಿನ ಉಪ್ಪು ಪಾಲಿಶ್ ಮಾಡಿದ ಅಲ್ಯೂಮಿನಿಯಂ ಮೇಲೆ ಕಲೆ ಬಿಡುತ್ತದೆ. ಎರಡನೇ ಪ್ರಶ್ನೆಗೆ ಉತ್ತರ ಹೌದು, ಇಲ್ಲಿನ ಬಹುತೇಕ ಎಲ್ಲ ಬೈಕುಗಳನ್ನೂ ಓಡುವ ಸ್ಥಿತಿಗೆ ತರಬಹುದು ಅನ್ನುವುದೇ ಅವರ ಹೆಮ್ಮೆ. ನೆಲಮಾಳಿಗೆಯಲ್ಲಿ ಅವರದೇ ವರ್ಕ್‌ಶಾಪ್ ಇದೆ.

ಪ್ರಶ್ನೆ: ನಮ್ಮಪ್ಪನ ಜಾವಾ ಶೆಡ್ಡಿನಲ್ಲಿ ವರ್ಷಗಟ್ಟಲೆಯಿಂದ ನಿಂತಿದೆ. ಮ್ಯೂಸಿಯಂ ಗಾಡಿ ಥರ ಫಳಫಳ ಮಾಡಿಸಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡಲಿ? (ಮೈಸೂರಿನ ಓದುಗರು)

ಫಳಫಳ ಕೊನೆಗೆ. ಮೈಸೂರಿನವರಿಗೆ ಜಾವಾ ಕಥೆ ಹೇಳಬೇಕಿಲ್ಲ, ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕುವವರೆಗೂ ಜಾವಾ, ಯೆಜ್ಡಿ ನಿಮ್ಮೂರಿನ ಗಾಡಿಗಳೇ. ಹಾಗಾಗಿ ಹಳೇ ಮೆಕ್ಯಾನಿಕ್ಕುಗಳು ನಿಮ್ಮಲ್ಲಿ ಸಿಗುವಷ್ಟು ಬೇರೆಲ್ಲೂ ಸಿಗಲಿಕ್ಕಿಲ್ಲ.

ಮೊದಲನೆಯದು, ಉತ್ಸಾಹದಲ್ಲಿ ಕಿಕ್ ಹೊಡೆಯಬೇಡಿ. ಪಿಸ್ಟನ್ ತುಕ್ಕು ಹಿಡಿದು ಬೋರಿಗೆ (ಸಿಲಿಂಡರಿನ ಒಳಗೋಡೆಗೆ) ಅಂಟಿಕೊಂಡಿದ್ದರೆ ಪಿಸ್ಟನ್ನಿನ ರಿಂಗ್ ಮುರಿಯುತ್ತದೆ. ಪ್ಲಗ್ ಬಿಚ್ಚಿ, ಒಳಗೆ ಸ್ವಲ್ಪ ಆಯಿಲ್ ಬಿಟ್ಟು, ಒಂದೆರಡು ದಿನ ಬಿಟ್ಟು ಮೆಲ್ಲಗೆ ತಿರುಗಿಸಿ ನೋಡಿ. ಟ್ಯಾಂಕಿನ ಹಳೇ ಪೆಟ್ರೋಲು ಅಷ್ಟೊತ್ತಿಗೆ ಅಂಟಾಗಿರುತ್ತದೆ, ಪೂರ್ತಿ ಖಾಲಿ ಮಾಡಿ, ಕಾರ್ಬೊರೇಟರ್ ತೊಳೆಸಿ. ಆಮೇಲೆ ಕ್ರ್ಯಾಂಕಿನ (ಪಿಸ್ಟನ್ನಿಗೆ ಸೇರಿ ತಿರುಗುವ ದಂಡದ) ಆಯಿಲ್ ಸೀಲ್. ಜಾವಾದಂಥ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲು, ಗಾಳಿ ಮೊದಲು ಈ ದಂಡ ಇರುವ ಗೂಡಾದ ಕ್ರ್ಯಾಂಕ್‌ಕೇಸಿಗೆ ಹೋಗಿ, ಅಲ್ಲಿಂದ ಒತ್ತಡದಲ್ಲಿ ಮೇಲೆ ಏರುತ್ತದೆ. ಒಣಗಿದ ಸೀಲಿನಲ್ಲಿ ಗಾಳಿ ಸೋರಿದರೆ ಗಾಡಿ ಸ್ಟಾರ್ಟ್ ಆದರೂ ಸರಿಯಾಗಿ ಓಡುವುದಿಲ್ಲ, ಮೆಕ್ಯಾನಿಕ್ ಕಾರ್ಬೊರೇಟರನ್ನೇ ಬೈಯುತ್ತಾ ಕೂರುತ್ತಾನೆ.

ಬಿಚ್ಚುವ ಮುಂಚೆ ಪ್ರತಿ ಭಾಗದ ಫೋಟೋ ತೆಗೆಯಿರಿ. ತೆಗೆದ ಹಳೇ ಸಾಮಾನನ್ನು ಗುಜರಿಗೆ ಹಾಕಬೇಡಿ, ಡಬ್ಬಿಯಲ್ಲಿಡಿ. ಜಾವಾದ ಆ ಜಾಣ ಪೆಡಲ್ ಗೊತ್ತಲ್ಲ, ಕಿಕ್ ಹೊಡೆದು ಮಡಚಿದರೆ ಅದೇ ಗೇರ್ ಆಗುತ್ತದೆ, ಅಂಥ ಮೂಲ ಭಾಗಗಳು ಗಾಡಿಯ ಜೊತೆಗೇ ಇರಲಿ. ಇನ್ನು ಪೇಂಟು. ಕಂಪನಿಯ ಬಣ್ಣ ಅಷ್ಟಿಷ್ಟು ಉಳಿದಿದ್ದರೆ ದಯವಿಟ್ಟು ಉಜ್ಜಿ ತೆಗೆಸಬೇಡಿ. ಹೊಸ ಬಣ್ಣ ಯಾವತ್ತು ಬೇಕಾದರೂ ಹೊಡೆಸಬಹುದು, ಹೋದ ಬಣ್ಣ ವಾಪಸ್ ತರಲಾಗದು. ಅಪ್ಪನ ಮಂಡಿ ಉಜ್ಜಿ ಸವೆದ ಟ್ಯಾಂಕನ್ನು ಹಾಗೇ ಇಟ್ಟರೆ ನನಗೇನೋ ಅದೇ ಚೆಂದ. ಇಷ್ಟೆಲ್ಲ ಖರ್ಚು ಮಾಡುವ ಮೊದಲು ಆರ್‌ಸಿ ಪುಸ್ತಕ ಮನೆಯಲ್ಲಿದೆಯಾ ನೋಡಿ!

ಪ್ರಶ್ನೆ: ಅಮೆರಿಕಕ್ಕೆ ಹೋಗುವ ಯೋಗ ನಮಗಿಲ್ಲ. ಇಲ್ಲೇ ಹತ್ತಿರ ಏನಾದರೂ ಇದೆಯಾ? (ಚಿತ್ರದುರ್ಗದ ಓದುಗರು)

ಇದೆ. ಶ್ರೀರಂಗಪಟ್ಟಣದ ಹತ್ತಿರ ‘ಪಯಣ’ ಅಂತ ಹಳೇ ವಾಹನಗಳ ಮ್ಯೂಸಿಯಂ. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಸಂಗ್ರಹ ಅದು, ಬೆಂಗಳೂರು-ಮೈಸೂರು ದಾರಿಯಲ್ಲಿ ಹೋಗುವಾಗ ನೋಡಬಹುದು. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯವನ್ನೂ ಬಿಡಬೇಡಿ. ಆದರೆ ಪಯಣದಲ್ಲಿ ಮುಖ್ಯವಾಗಿ ಇರುವುದು ಹಳೇ ಕಾರುಗಳು. ರೇಸ್ ಕಾರು ತೋರಿಸ್ತೀನಿ ಅಂತ ಮಕ್ಕಳಿಗೆ ಆಸೆ ಹುಟ್ಟಿಸಿ ಕರೆದುಕೊಂಡು ಹೋಗಬೇಡಿ.